ಜಂಕ್ಷನ್ ಇಲ್ಲದ ಊರುಗಳು

ಪ್ಯಾರಿಸ್ಸಿಗೆ ಒಂದು ವಾರದ ಪ್ರವಾಸ ಹೋದ ಬೆಂಗಳೂರಿನ ಕುಟುಂಬಕ್ಕೆ ಕೊನೆಯಲ್ಲಿ ಒಂದು ದಿನ ಬಿಡುವು ಸಿಕ್ಕಿತೆನ್ನಿ. ಆ ದಿನ ಎಲ್ಲಿಗೆ ಹೋಗುವುದು? ಫ್ರಾನ್ಸಿನ ಬ್ರಿಟನಿ ಪ್ರಾಂತದ ಕಾರ್ನಾಕ್ ಎಂಬಲ್ಲಿ ಆರು ಸಾವಿರ ವರ್ಷಗಳಷ್ಟು ಹಿಂದೆ ನೆಟ್ಟ ಸುಮಾರು ಮೂರು ಸಾವಿರ ಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಆದರೂ ಕುಟುಂಬ ಹೋಗುವುದು ವರ್ಸೇಲ್ಸ್ ಅರಮನೆಗೆ. ಅರಮನೆ ಹೆಚ್ಚೋ ಕಲ್ಲು ಹೆಚ್ಚೋ ಎಂಬ ಚರ್ಚೆಯೇ ಅಲ್ಲಿ ಹುಟ್ಟುವುದಿಲ್ಲ. ವರ್ಸೇಲ್ಸಿಗೆ ಪ್ಯಾರಿಸ್ಸಿನಿಂದ ಲೋಕಲ್ ರೈಲಿದೆ; ಬೆಳಗ್ಗೆ ಹೋಗಿ ಸಂಜೆಗೆ ವಾಪಸಾಗಬಹುದು. ಕಾರ್ನಾಕ್ ದೂರ. ಮಾತು ಅಲ್ಲಿಗೆ ಮುಗಿಯಿತು.

ಇದೇ ಪ್ರಶ್ನೆಯನ್ನು ಸುಮಾರು 140 ವರ್ಷಗಳ ಹಿಂದೆ ನಮ್ಮ ನಾಡಿನ ಬಗ್ಗೆ ಪರದೇಶದವರು ಕೇಳಿಕೊಂಡಿದ್ದರು. ಅವರಿಗೆ ಸಿಕ್ಕ ಉತ್ತರ ಕೆಲವು ಊರುಗಳ ಭಾಗ್ಯ ತೆರೆಯಿತು, ಕೆಲವನ್ನು ನಕ್ಷೆಯ ಅಂಚಿಗೆ ಸರಿಸಿತು. ಹೀಗೆ ಅಂಚಿಗೆ ಸರಿದವುಗಳಲ್ಲಿ ಯಾದಗಿರಿ, ಶಹಾಪುರ ಮತ್ತು ಸುರಪುರ ಸೇರಿವೆ.

ಹಡಗು, ರೈಲು, ಕೈಪಿಡಿ

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಆಫ್ರಿಕವನ್ನು ಸುತ್ತಿ ಬರಬೇಕಾಗಿದ್ದ ಹಡಗುಗಳು ನೇರವಾಗಿ ಮುಂಬಯಿಗೆ ಬರತೊಡಗಿದವು. 1871ರಲ್ಲಿ ಮುಂಬಯಿಯಿಂದ ಬಂದ ರೈಲುದಾರಿಯೂ ಮದ್ರಾಸಿನಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ಅಧಿಕಾರಿಗಳು, ಸೈನಿಕರು, ಪಾದ್ರಿಗಳ ಜೊತೆಗೆ ಹೊಸ ಬಗೆಯ ಮನುಷ್ಯನೊಬ್ಬ ಭಾರತಕ್ಕೆ ಬರತೊಡಗಿದ್ದು ಆಗ. ಚಳಿಗಾಲದ ಕೆಲವು ವಾರಗಳನ್ನು ಇಲ್ಲಿ ಕಳೆದು ಊರಿಗೆ ಮರಳುವ ಈ ಮನುಷ್ಯನೇ ಪ್ರವಾಸಿ. ಥಾಮಸ್ ಕುಕ್ ತನ್ನ ಮೊದಲ ವಿಶ್ವಪ್ರವಾಸದ ತಂಡವನ್ನು ಹೊರಡಿಸಿದ್ದು 1872ರಲ್ಲಿ. ಆ ತಂಡ ಭಾರತಕ್ಕೂ ಬಂದಿತ್ತು.

ಈ ಪ್ರವಾಸಿಯ ಕೈಯಲ್ಲಿ ಒಂದು ಪುಸ್ತಕವಿರುತ್ತಿತ್ತು. ಲಂಡನ್ನಿನ ಜಾನ್ ಮರೆ ಪ್ರಕಾಶನ ಸಂಸ್ಥೆ 1859ರಲ್ಲೇ ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳಿಗೆ ಪ್ರವಾಸಿ ಕೈಪಿಡಿ ಹೊರತಂದಿತ್ತು. ರೈಲು ಹರಡಿದ ಮೇಲೆ ಕೈಪಿಡಿಯ ಹೊಸ ಆವೃತ್ತಿಗಳೂ ರೈಲುದಾರಿಯನ್ನೇ ಹಿಡಿದು ಸಾಗಿದವು. ಒಂದೊಂದು ಅಧ್ಯಾಯವೂ ಒಂದೊಂದು ಹಳಿಯ ಪಯಣ. ಎಲ್ಲಿ ಇಳಿಯಬೇಕು, ಎಲ್ಲಿ ಗಾಡಿ ಬದಲಿಸಬೇಕು, ಏನು ನೋಡಬೇಕು ಎಂಬುದೆಲ್ಲ ಅದರಲ್ಲೇ ಇರುತ್ತಿತ್ತು.

ಮೂರು ಕವಲುಗಳು

ಮುಂಬಯಿ-ಮದ್ರಾಸ್ ಮೇಲ್ ಗಾಡಿಯಲ್ಲಿ ಕುಳಿತವನು ದಾರಿಯಲ್ಲಿ ಒಂದೆರಡು ದಿನ ಪಕ್ಕಕ್ಕೆ ಸರಿಯಲು ಬಯಸಿದರೆ ಅವನ ಮುಂದೆ ಮುಖ್ಯವಾಗಿ ಮೂರು ಕವಲುಗಳಿದ್ದವು. ಸೊಲ್ಲಾಪುರ ದಾಟಿದೊಡನೆ ಹೋಟಗಿ ಜಂಕ್ಷನ್. ಅಲ್ಲಿಂದ ಗದುಗಿಗೆ ಹೊರಡುವ ಮೀಟರ್‌ಗೇಜ್ ಹಳಿ 1884ರಲ್ಲಿ ತೆರೆದಿತ್ತು, ಅದು ವಿಜಾಪುರದ ಮೇಲೆಯೇ ಹಾದುಹೋಗುತ್ತಿತ್ತು. ಗುಲಬರ್ಗಾ ದಾಟಿದರೆ ವಾಡಿ ಜಂಕ್ಷನ್. 1874ರಿಂದ ಅಲ್ಲಿಂದ ನಿಜಾಮರ ರಾಜಧಾನಿ ಹೈದರಾಬಾದಿಗೆ ರೈಲು. ಇನ್ನೂ ದಕ್ಷಿಣಕ್ಕೆ ಗುಂತಕಲ್ ಜಂಕ್ಷನ್. ಅಲ್ಲಿ ಗಾಡಿ ಬದಲಿಸಿದರೆ ಬಳ್ಳಾರಿಯ ಮೂಲಕ ಹೊಸಪೇಟೆ, ಹೊಸಪೇಟೆಯಿಂದ ಹಂಪಿ.

ವಾಡಿಗೂ ರಾಯಚೂರಿಗೂ ನಡುವೆ ಸಿಗುವ ನಿಲ್ದಾಣ ಯಾದಗಿರಿ. ಇಲ್ಲಿಂದ ಎತ್ತಲೂ ಕವಲು ಹೊರಡಲಿಲ್ಲ. ಊರಿನ ನೆತ್ತಿಯ ಮೇಲೆ ಸುತ್ತುಸುತ್ತಾಗಿ ಏರುವ ಕೋಟೆಯಿದ್ದರೂ ರೈಲು ನಿಂತು ಮುಂದೆ ಸಾಗುತ್ತಿತ್ತು. ಶಹಾಪುರ, ಸುರಪುರಗಳಿರುವುದು ಭೀಮೆಯ ಆಚೆ ದಡದಲ್ಲಿ, ಭೀಮಾ-ಕೃಷ್ಣೆಯರ ನಡುವಿನ ದೋಆಬಿನಲ್ಲಿ. ಯಾದಗಿರಿಯಿಂದ ಶಹಾಪುರಕ್ಕೆ 30 ಕಿ.ಮೀ.ಗೂ ಹೆಚ್ಚು, ಸುರಪುರಕ್ಕೆ 50 ಕಿ.ಮೀ.ಗೂ ಹೆಚ್ಚು. ಇಂದು ಬಸ್ಸಿನಲ್ಲಿ ಇದು ಏನೇನೂ ಅಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಹೊಳೆ ದಾಟಿ ಅಷ್ಟು ದೂರ ಹೋಗಿ ಬರುವುದೆಂದರೆ ದಿನಗಳ ಲೆಕ್ಕ. ಮುಂಬಯಿಯಲ್ಲಿ ಹಡಗು ಕಾಯುತ್ತಿರುವಾಗ ಅಷ್ಟು ದಿನ ಯಾರ ಬಳಿ ಇತ್ತು?

ಪ್ರವಾಸಿಯನ್ನು ದೂರಿ ಫಲವಿಲ್ಲ. ಗೋಲಗುಮ್ಮಟ ಲೋಕವೇ ಮೆಚ್ಚುವ ಕಟ್ಟಡ, ಹಂಪಿಯ ಮಾತು ಹೇಳಬೇಕಾದ್ದಿಲ್ಲ. ಆದರೆ ಅವನು ಬಿಟ್ಟುಹೋದದ್ದೇನು ಎಂದು ಕೇಳಿದರೆ ಉತ್ತರ ಚಿಕ್ಕದಾಗಿಲ್ಲ.

ಹನ್ನೆರಡು ವರ್ಷ ಇದ್ದವನು

ಈ ಸೀಮೆಯನ್ನು ಬಿಡುವಾಗಿ ನೋಡಿದ ಪರದೇಶಿಯೊಬ್ಬನಿದ್ದ. ಅವನು ಪ್ರವಾಸಕ್ಕೆ ಬಂದವನಲ್ಲ, ಕೆಲಸಕ್ಕೆ ಬಂದವನು. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಭಾರತಕ್ಕೆ ಬಂದು ನಿಜಾಮರ ಸೇನೆ ಸೇರಿದ. ಠಕ್ಕರ ಬಗ್ಗೆ ಬರೆದ ಕಾದಂಬರಿಯಿಂದ 1839ರಲ್ಲಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ. 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತಕ್ಕೆ ನೇಮಕಗೊಂಡು, ಬಾಲಕ ರಾಜ ವೆಂಕಟಪ್ಪ ನಾಯಕ ವಯಸ್ಸಿಗೆ ಬಂದ 1853ರವರೆಗೆ ಇಲ್ಲೇ ಉಳಿದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ 'ಟೇಲರ್ ಮಂಜಿಲ್' ಇಂದಿಗೂ ಇದೆ. ಅವನು ಕೆಲಸ ಮಾಡಿಸಿದ ಬೋನಾಳ ಕೆರೆ ಈಗ ಪಕ್ಷಿಧಾಮ. ಬಾಲಕ ರಾಜ ಅವನನ್ನು 'ಅಪ್ಪ' ಎನ್ನುತ್ತಿದ್ದ. 1858ರಲ್ಲಿ ಅದೇ ರಾಜ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಸೆರೆಮನೆಗೆ ಸಾಗಿಸುವ ದಾರಿಯಲ್ಲಿ ಗುಂಡಿನೇಟಿನಿಂದ ತೀರಿಕೊಂಡ ಕಥೆಯನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ನೋವಿನಿಂದ ಬರೆದಿದ್ದಾನೆ.

ಸಂಸ್ಥಾನದ ಹಳ್ಳಿಹಳ್ಳಿ ತಿರುಗುವಾಗ ಟೇಲರ್ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನೋಡುತ್ತಿದ್ದುದು ಕಲ್ಲುಗಳನ್ನು. ಇಂದು ಹುಣಸಗಿ ತಾಲ್ಲೂಕಿಗೆ ಸೇರಿದ ರಾಜನಕೋಳೂರಿನಲ್ಲಿ ದೊಡ್ಡ ಹಾಸುಬಂಡೆಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಕಲ್ಮನೆಗಳಿದ್ದವು. ಜನ ಅವುಗಳನ್ನು ಮೋರ್ಯರ ಮನೆಗಳೆನ್ನುತ್ತಿದ್ದರು. ಹಿಂದೆ ಗೇಣುದ್ದದ ಕುಳ್ಳರು ಅಲ್ಲಿ ಬಾಳಿದ್ದರೆಂಬ ಕಥೆ ಹೇಳುತ್ತಿದ್ದರು. ಹಗರಟಗಿ, ಜೇವರ್ಗಿಗಳಲ್ಲಿ ಕಲ್ಲುವೃತ್ತದ ಸಮಾಧಿಗಳಿದ್ದವು. ಟೇಲರ್ ಅಳೆದ, ಚಿತ್ರ ಬರೆದ, ಕೆಲವನ್ನು ಅಗೆಸಿಯೂ ನೋಡಿದ. 1850ರ ದಶಕದಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲೂ, ಮುಂದೆ ಐರ್ಲೆಂಡಿನ ರಾಯಲ್ ಅಕಾಡೆಮಿಯ ಪತ್ರಿಕೆಯಲ್ಲೂ ಇವುಗಳ ಬಗ್ಗೆ ಲೇಖನ ಪ್ರಕಟಿಸಿದ. ಯುರೋಪಿನಲ್ಲಿ ಕಂಡ ಕಲ್ಲುಗಳಿಗೂ ಇವಕ್ಕೂ ಹೋಲಿಕೆ ಕಂಡು, ಸಿಥಿಯನ್ನರು ಇವನ್ನು ಇಲ್ಲಿಗೆ ತಂದರೆಂದು ಬಗೆದ. ಆ ಊಹೆಯನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಇವು ಈ ನೆಲದವರೇ ನಿಲ್ಲಿಸಿದ ಬೃಹತ್ ಶಿಲಾಯುಗದ ಕುರುಹುಗಳು. ಆದರೆ ಅವನ ಅಳತೆ, ಚಿತ್ರಗಳು ಈಗಲೂ ಬಳಕೆಯಲ್ಲಿವೆ.

ವಿಪರ್ಯಾಸ ಇಲ್ಲಿದೆ. 1866ರಲ್ಲಿ ವಿಜಾಪುರದ ಕಟ್ಟಡಗಳ ಛಾಯಾಚಿತ್ರಗಳ ದೊಡ್ಡ ಸಂಪುಟವೊಂದು ಲಂಡನ್ನಿನಲ್ಲಿ ಹೊರಬಂತು. ಅದರ ಪ್ರಕಾಶಕ ಪ್ರವಾಸಿ ಕೈಪಿಡಿಯ ಅದೇ ಜಾನ್ ಮರೆ. ಅದರ ಚರಿತ್ರೆಯ ಭಾಗ ಬರೆದವನು ಮೆಡೋಸ್ ಟೇಲರ್! ಸುರಪುರದಲ್ಲಿ ಹನ್ನೆರಡು ವರ್ಷ ಬಾಳಿದವನ ಲೇಖನಿ ಇಂಗ್ಲಿಷ್ ಓದುಗರ ಮನೆಗೆ ತಲುಪಿಸಿದ್ದು ವಿಜಾಪುರವನ್ನು. ಸುರಪುರದ ಕಲ್ಲುಗಳು ವಿದ್ವಾಂಸರ ಪತ್ರಿಕೆಗಳಲ್ಲೇ ಉಳಿದವು. ಗುಮ್ಮಟ ಒಂದೇ ಛಾಯಾಚಿತ್ರದಲ್ಲಿ ಹಿಡಿಯುತ್ತದೆ; ಹೊಲದ ತುಂಬ ಹರಡಿದ ಗುಂಡುಕಲ್ಲುಗಳು ಹಿಡಿಯುವುದಿಲ್ಲ.

ವಿಭೂತಿಹಳ್ಳಿಯ ಸಾಲು

ಶಹಾಪುರಕ್ಕೆ ಬರುವವರಿಗೆ ದೂರದಿಂದಲೇ ಕಾಣುವುದು ಮಲಗಿದ ಬುದ್ಧನಂತೆ ತೋರುವ ಬೆಟ್ಟದ ಸಾಲು. ಅಲ್ಲಿಗೆ ಹತ್ತಿರದ ವಿಭೂತಿಹಳ್ಳಿಯಲ್ಲಿ ಟೇಲರ್ ಕಂಡ ಕಲ್ಲಿನ ಸಾಲುಗಳಿವೆ. ಇವು ಕೆತ್ತಿದ ಕಂಬಗಳಲ್ಲ, ಉಳಿ ಮುಟ್ಟದ ಗುಂಡುಬಂಡೆಗಳು. ಒಂದೇ ಅಂತರ ಬಿಟ್ಟು, ಸಾಲಿಗೆ ಸಾಲು ಹೊಂದಿಸಿ ಚದುರಂಗದ ಮನೆಗಳಂತೆ ಇಟ್ಟಿದ್ದಾರೆ. ಕೇಂಬ್ರಿಜ್‌ನ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ದಕ್ಷಿಣ ಹೈದರಾಬಾದ್ ಸೀಮೆಯ ಇಂಥ ಶಿಲಾಸಾಲುಗಳ ಬಗ್ಗೆ 1956ರಲ್ಲಿ ಲೇಖನ ಬರೆದ. ಇವು ಸಮಾಧಿಗಳಿಗೆ ಸಂಬಂಧಪಟ್ಟವೆಂದು ಕೆಲವರು, ಸೂರ್ಯನ ಉದಯಾಸ್ತಗಳನ್ನು ಗುರುತಿಸಿ ಋತುಮಾನ ತಿಳಿಯಲು ಇಟ್ಟವೆಂದು ಈ ಶತಮಾನದಲ್ಲಿ ಅಭ್ಯಾಸ ಮಾಡಿದ ಖಗೋಳ ವಿಜ್ಞಾನಿಗಳು ಹೇಳುತ್ತಾರೆ. ಸ್ಥಳ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಇದಕ್ಕಿಂತಲೂ ಹಿಂದಕ್ಕೆ ಹೋಗಬೇಕೆಂದರೆ ಹುಣಸಗಿ-ಬೈಚಬಾಳ ಕಣಿವೆಯಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1960ರ ದಶಕದಿಂದ ಈ ಸೀಮೆಯಲ್ಲಿ ಸಂಶೋಧನೆ ನಡೆಸಿದರು. ಇಸಾಂಪುರದಲ್ಲಿ ಆದಿಮಾನವ ಸುಣ್ಣಕಲ್ಲಿನ ಹಾಸು ಒಡೆದು ಕೊಡಲಿ ಮಾಡುತ್ತಿದ್ದ ಕಾರ್ಯಾಗಾರವೇ ಅವರಿಗೆ ಸಿಕ್ಕಿತು. ಅಲ್ಲಿನ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ದೊರೆತ ಕಾಲ ಸುಮಾರು 12 ಲಕ್ಷ ವರ್ಷ. ಬೂದಿಹಾಳದಲ್ಲಿ ಅವರು 1990ರ ದಶಕದಲ್ಲಿ ಅಗೆಸಿದ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳದು.

ಚರಿತ್ರೆಯ ದೊಡ್ಡ ಹೆಸರುಗಳೂ ಇಲ್ಲಿಲ್ಲದಿಲ್ಲ. ಮೊಗಲ್ ಬಾದಶಹ ಔರಂಗಜೇಬ ಮುದಿವಯಸ್ಸಿನಲ್ಲಿ ಸ್ವತಃ ನಿಂತು ನಡೆಸಿದ ಕಟ್ಟಕಡೆಯ ಮುತ್ತಿಗೆ ಸುರಪುರದ ಬಳಿಯ ವಾಗಣಗೇರಿ ಕೋಟೆಯದು. 1705ರಲ್ಲಿ ಬೇಡರ ಪಿಡ್ಡ ನಾಯಕನ ಎದುರು ತಿಂಗಳುಗಟ್ಟಲೆ ಹೋರಾಡಿ ಕೋಟೆ ಗೆದ್ದರೂ ನಾಯಕ ಕೈಗೆ ಸಿಗಲಿಲ್ಲ. ಅನಂತರ ಹತ್ತಿರದ ದೇವಾಪುರದ ಬಿಡಾರದಲ್ಲಿ ಬಾದಶಹ ಕಾಯಿಲೆ ಬಿದ್ದ. ಎರಡೇ ವರ್ಷಗಳಲ್ಲಿ ಅಹಮದನಗರದಲ್ಲಿ ತೀರಿಕೊಂಡ. ಖುಲ್ದಾಬಾದಿನ ಅವನ ಗೋರಿ ನೋಡಲು ಜನ ಹೋಗುತ್ತಾರೆ. ಅವನ ಕೊನೆಯ ಯುದ್ಧಭೂಮಿಯನ್ನು ಕೇಳುವವರಿಲ್ಲ.

ಆಯ್ಕೆಯ ಫಲ

ಒಂದು ದಿನದ ಪ್ರವಾಸಿ ಬಂದರೆಷ್ಟು, ಬಿಟ್ಟರೆಷ್ಟು ಎನ್ನಬಹುದು. ವಿಜಾಪುರದ ಉದಾಹರಣೆ ನೋಡಿ. ಬ್ರಿಟಿಷ್ ಆಡಳಿತ ಅಲ್ಲಿನ ಹಳೆಯ ಕಟ್ಟಡಗಳನ್ನೇ ಕಚೇರಿಗಳಾಗಿ ಬಳಸುತ್ತಿತ್ತು. ಮಸೀದಿಯೊಂದರಲ್ಲಿ ಅಂಚೆ ಕಚೇರಿಯಿತ್ತು. ವೈಸರಾಯ್ ಲಾರ್ಡ್ ಕರ್ಜನ್ ವಿಜಾಪುರಕ್ಕೆ ಬಂದು ಕಣ್ಣಾರೆ ಕಂಡ, ಕಚೇರಿ ತೆರವು ಮಾಡಿಸಿದ. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣೆಗೆ ಕಾಯಿದೆ ಬಂತು. ನೋಡುವವರು ಬರುವ ಕಡೆ ಕಾಯುವವರೂ ಬರುತ್ತಾರೆ, ಹಣವೂ ಬರುತ್ತದೆ. ಹೈದರಾಬಾದ್ ಸಂಸ್ಥಾನದಲ್ಲೂ ಹಾಗೆಯೇ. 1914ರಲ್ಲಿ ಶುರುವಾದ ಅಲ್ಲಿನ ಪುರಾತತ್ವ ಇಲಾಖೆಯ ಮುಖ್ಯಸ್ಥ ಗುಲಾಂ ಯಜ್ದಾನಿ ದಖ್ಖನದ ಶಿಲಾಸಮಾಧಿಗಳ ಬಗ್ಗೆ ಬರೆದವರೇ; ಆದರೆ ಸಂಸ್ಥಾನಕ್ಕೆ ಹೆಸರು ತರುತ್ತಿದ್ದುದು ಅಜಂತಾ-ಎಲ್ಲೋರಾ.

ಯಾರೂ ನೋಡದ ಸ್ಮಾರಕಕ್ಕೆ ಮೊದಲ ಶತ್ರು ಅದರ ಸಾಮಾನ್ಯತೆ. ಗುಮ್ಮಟವನ್ನು ಯಾರೂ ಬಂಡೆಯೆಂದು ತಿಳಿಯುವುದಿಲ್ಲ. ವಿಭೂತಿಹಳ್ಳಿಯಂಥ ಕಡೆ ಸಾಲಿನ ಒಂದು ಕಲ್ಲು ಉರುಳಿದರೆ ಅದು ಬರೀ ಕಲ್ಲು. ಮನೆಯ ತಳಪಾಯಕ್ಕೆ, ಹೊಲದ ಬದುವಿಗೆ, ಜಲ್ಲಿಯ ಯಂತ್ರಕ್ಕೆ ಅದೂ ಒಂದೇ, ಬೇರೆಯದೂ ಒಂದೇ. ಅಂತರವೇ ಅರ್ಥವಾಗಿರುವ ಕಡೆ ನಾಲ್ಕು ಕಲ್ಲು ಹೋದರೆ ಉಳಿದ ನಲವತ್ತಕ್ಕೂ ಅರ್ಥ ಹೋಗುತ್ತದೆ. ಕಾರ್ನಾಕ್‌ನಲ್ಲಿ ಜನ ಹೆಚ್ಚಾಗಿ ನೆಲ ಸವೆದು, 1991ರಲ್ಲಿ ಕಲ್ಲುಗಳ ಸುತ್ತ ಬೇಲಿ ಹಾಕಬೇಕಾಯಿತು; 2025ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಲ್ಲಿ ಕಾಲುಗಳು ಹೆಚ್ಚಾದುದು ಕಷ್ಟ, ಇಲ್ಲಿ ಕಣ್ಣುಗಳು ಕಡಿಮೆಯಾದುದು ಕಷ್ಟ.

ಹೊಸ ಜಂಕ್ಷನ್

ಇಂದಿನ ಪ್ರವಾಸಿಗೆ ಹೋಟಗಿ, ವಾಡಿ, ಗುಂತಕಲ್‌ಗಳ ಹಂಗಿಲ್ಲ. ಕಾರು ಎಲ್ಲಿಗೂ ಹೋಗುತ್ತದೆ. ಆದರೆ ಜಂಕ್ಷನ್ನಿನ ಜಾಗದಲ್ಲಿ ಈಗ ಪಟ್ಟಿಗಳು ಬಂದಿವೆ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಗಂಗಾವತಿ ಸಮೀಪದ ಹಿರೇಬೆಣಕಲ್ಲಿನ ಮೋರ್ಯರ ಮನೆಗಳು 2021ರಲ್ಲಿ ಆ ಪಟ್ಟಿಯ ಹೊಸ್ತಿಲಿಗೆ, ಅಂದರೆ ಭಾರತದ ತಾತ್ಕಾಲಿಕ ಪಟ್ಟಿಗೆ ಬಂದವು. ಹಳೆಯ ಪ್ರವಾಸಿ ಹಳಿ ಹಿಡಿದು ಹೋದಂತೆ ಹೊಸಬ ಪಟ್ಟಿ ಹಿಡಿದು ಹೋಗುತ್ತಾನೆ. ಹಿರೇಬೆಣಕಲ್ಲಿಗೆ ಸಿಕ್ಕ ಈ ಮಾನ್ಯತೆ ಒಂದು ಮಾತನ್ನಂತೂ ತೋರಿಸಿದೆ: ಕೆತ್ತನೆಯಿಲ್ಲದ ಕಲ್ಲಿಗೂ ಬೆಲೆಯುಂಟು.

2009ರ ಡಿಸೆಂಬರ್‌ನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಶಹಾಪುರ, ಸುರಪುರಗಳು ಅದರ ಭಾಗವಾದವು. ಹಂಪಿಗೋ ವಿಜಾಪುರಕ್ಕೋ ಬಂದು ಒಂದು ದಿನ ಉಳಿಸಿಕೊಂಡವರಿಗೆ ಈಗ ಹೊಳೆ ದಾಟುವ ಚಿಂತೆಯಿಲ್ಲ. ಬೆಳಗ್ಗೆ ಯಾದಗಿರಿಯ ಕೋಟೆ ಹತ್ತಿ, ಬಿಸಿಲೇರುವ ಮುನ್ನ ವಿಭೂತಿಹಳ್ಳಿಯ ಸಾಲುಗಳ ನಡುವೆ ನಡೆದು, ಮಧ್ಯಾಹ್ನ ಸುರಪುರದ ಗುಡ್ಡದ ಮೇಲೆ ಟೇಲರ್ ಮನೆಯ ಅಂಗಳದಲ್ಲಿ ನಿಲ್ಲಬಹುದು. ಸಮಯ ಉಳಿದರೆ ರಾಜನಕೋಳೂರು. ದೂರದ ಮಾತಿರಲಿ, ಕಲಬುರಗಿ ರಾಯಚೂರುಗಳ ಎಷ್ಟೋ ಶಾಲೆಗಳ ಮಕ್ಕಳು ಹಂಪಿ ನೋಡಿದ್ದಾರೆ, ಈ ಕಲ್ಲುಗಳನ್ನು ನೋಡಿಲ್ಲ. ಈ ಸಾಲುಗಳನ್ನು ಹುಡುಕಿ ಬರುವ ಮೊದಲ ಪ್ರವಾಸಿ ಪರದೇಶದವನೇ ಆಗಬೇಕೆಂದಿಲ್ಲ.