ಪಿಯಾನೋ ನಿಂತ ಜಾಗ: ‘ಲಿಟಲ್ ಅರ್ಥ್‌ಕ್ವೇಕ್ಸ್’ ಮತ್ತು ಕೇಳುಗರ ಬಾಳಿಕೆಯ ಪ್ರೀತಿ

1. ಪ್ರಶ್ನೆ

ಅಮೆರಿಕದ ಗಾಯಕಿ, ಗೀತರಚನಕಾರ್ತಿ ಟೋರಿ ಏಮೋಸ್ ಅವರ ‘ಲಿಟಲ್ ಅರ್ಥ್‌ಕ್ವೇಕ್ಸ್’ 1992ರ ಜನವರಿಯಲ್ಲಿ ಬ್ರಿಟನ್ನಿನಲ್ಲೂ ಮರುತಿಂಗಳು ಅಮೆರಿಕದಲ್ಲೂ ಬಿಡುಗಡೆಯಾಯಿತು. ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಅದು 14ನೆಯ ಸ್ಥಾನದವರೆಗೆ ಏರಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 54ರಿಂದ ಮೇಲೆ ಹೋಗಲಿಲ್ಲ. ಅದೇ ಜನವರಿಯಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’ ಆ ಪಟ್ಟಿಯ ನೆತ್ತಿಗೇರಿ ಕುಳಿತಿತ್ತು. ‘ಆಲ್ಟರ್ನೇಟಿವ್’ ಎಂದರೆ ಗಿಟಾರಿನ ಆರ್ಭಟ ಎಂಬ ನಂಬಿಕೆ ಗಟ್ಟಿಯಾಗುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಪಿಯಾನೋದ ಮುಂದೆ ಕುಳಿತ ಒಬ್ಬ ಹೆಣ್ಣಿನ ಹನ್ನೆರಡು ಹಾಡುಗಳು ಮೊದಲ ಐವತ್ತರೊಳಗೂ ಸೇರಲಿಲ್ಲವೆಂದರೆ ಅಚ್ಚರಿಯೇನಿಲ್ಲ. ಅಚ್ಚರಿ ಇರುವುದು ಮುಂದಿನ ಕಥೆಯಲ್ಲಿ. ಈ ಆಲ್ಬಂ ಅಮೆರಿಕವೊಂದರಲ್ಲೇ ಇಪ್ಪತ್ತು ಲಕ್ಷ ಪ್ರತಿಗಳ ಪ್ರಮಾಣಪತ್ರ ಪಡೆಯಿತು. 2015ರಲ್ಲಿ ಪರಿಷ್ಕೃತ ಧ್ವನಿಯೊಂದಿಗೆ ಮರುಮುದ್ರಣವಾಯಿತು. ಮೂವತ್ತು ವರ್ಷ ತುಂಬಿದ 2022ರಲ್ಲಿ ಇದರ ಹಾಡುಗಳನ್ನು ಆಧರಿಸಿ ಒಂದು ಚಿತ್ರಕಥಾ ಸಂಕಲನವೇ ಬಂತು. ಒಮ್ಮೆಲೇ ಸಿಡಿಯದೆ, ಕಿವಿಯಿಂದ ಕಿವಿಗೆ ಹರಿದು ನಿಂತ ಪ್ರೀತಿ ಇದು.

ಈ ಪ್ರೀತಿಗೆ ಸಾಮಾನ್ಯವಾಗಿ ಕೊಡುವ ಕಾರಣ ‘ಪ್ರಾಮಾಣಿಕತೆ’: ಗಾಯಕಿ ತನ್ನ ನೋವನ್ನು ತೆರೆದಿಟ್ಟಳು, ಕೇಳುಗರು ಮನಸೋತರು. ಆದರೆ ನೋವನ್ನು ತೆರೆದಿಟ್ಟ ಹಾಡುಗಳಿಗೆ ಯಾವ ಕಾಲದಲ್ಲೂ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಬಂದ ವರ್ಷವೇ ಮರೆತುಹೋಗುತ್ತವೆ. ಬಾಳಿಕೆಗೆ ಕಾರಣವನ್ನು ನೋವಿನ ನಿಜದಲ್ಲಿ ಹುಡುಕುವುದಕ್ಕಿಂತ ಹಾಡುಗಳ ಕಟ್ಟಣೆಯಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ. ಅದಕ್ಕೆ ರಸಮೀಮಾಂಸೆಯ ಎರಡು ಪರಿಕಲ್ಪನೆಗಳನ್ನು ಬಳಸಿಕೊಂಡಿದ್ದೇನೆ: ಸಾಧಾರಣೀಕರಣ ಮತ್ತು ರಸವಿಘ್ನ. ಈ ಆಲ್ಬಂ ಅವೆರಡನ್ನೂ ಪರೀಕ್ಷೆಗೆ ಒಡ್ಡುತ್ತದೆ.

2. ಹಿನ್ನೆಲೆ

1963ರಲ್ಲಿ ಉತ್ತರ ಕೆರೊಲಿನಾದಲ್ಲಿ ಹುಟ್ಟಿದ ಏಮೋಸ್ ಮೆಥಡಿಸ್ಟ್ ಪಾದ್ರಿಯೊಬ್ಬರ ಮಗಳು. ಐದನೆಯ ವಯಸ್ಸಿಗೇ ಬಾಲ್ಟಿಮೋರಿನ ಪೀಬಡಿ ಸಂಗೀತ ಶಾಲೆಗೆ ಸೇರಿ, ಹನ್ನೊಂದಕ್ಕೆ ಅಲ್ಲಿಂದ ಹೊರಬಿದ್ದರು. ಹದಿಮೂರರ ಹೊತ್ತಿಗೆ, ತಂದೆಯನ್ನು ಕಾವಲಿಗೆ ಕೂರಿಸಿಕೊಂಡು, ವಾಷಿಂಗ್ಟನ್ನಿನ ಪಾನಗೃಹಗಳಲ್ಲಿ ಪಿಯಾನೋ ನುಡಿಸುತ್ತಿದ್ದರು. ಇಗರ್ಜಿಯ ಕಟ್ಟಳೆ, ಶಾಸ್ತ್ರೀಯ ಶಿಸ್ತು, ಅಪರಿಚಿತರ ಗದ್ದಲದ ನಡುವೆ ಹಾಡುವ ಅಭ್ಯಾಸ, ಈ ಮೂರೂ ಅವರ ಹಾಡುಗಳಲ್ಲಿ ಉಳಿದುಕೊಂಡವು.

1988ರಲ್ಲಿ ‘ವೈ ಕಾಂಟ್ ಟೋರಿ ರೀಡ್’ ಎಂಬ ತಂಡದ ಹೆಸರಿನಲ್ಲಿ ಬಂದ ಚೊಚ್ಚಲ ಆಲ್ಬಂ ನೆಲಕಚ್ಚಿತು. ಅದು ಆ ಕಾಲದ ರಾಕ್ ವೇಷವನ್ನು ತೊಟ್ಟು ಬಂದಿತ್ತು. ಪಿಯಾನೋ ಹಿಂದೆ ಸರಿದಿತ್ತು. ಆಮೇಲೆ ಬರೆದ ಹಾಡುಗಳ ಕರಡು ಧ್ವನಿಮುದ್ರಿಕೆಯನ್ನೂ ಅವರ ಸಂಗೀತ ಕಂಪನಿ ತಿರಸ್ಕರಿಸಿತು. ಪಿಯಾನೋ ತೆಗೆದು ಗಿಟಾರ್ ಹಾಕಿ ಎಂಬ ಸಲಹೆ ಬಂದಿತ್ತೆಂದು ಏಮೋಸ್ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅವರು ಒಪ್ಪಲಿಲ್ಲ. ಸಂಗೀತ ನಿರ್ಮಾಪಕ ಎರಿಕ್ ರಾಸ್ ಅವರೊಂದಿಗೆ ಇನ್ನಷ್ಟು ಹಾಡುಗಳನ್ನು ಮುದ್ರಿಸಿದ ಮೇಲೆ ಕಂಪನಿ ಅವರನ್ನು ಲಂಡನ್ನಿಗೆ ಕಳಿಸಿತು. ‘ಸೈಲೆಂಟ್ ಆಲ್ ದೀಸ್ ಇಯರ್ಸ್’ ಹಾಡಿನ ಹುಟ್ಟು ಇಲ್ಲಿ ಗಮನಾರ್ಹ. ಅದನ್ನು ಅವರು ಬರೆಯತೊಡಗಿದ್ದು ಆಲ್ ಸ್ಟೂವರ್ಟ್ ಎಂಬ ಗಾಯಕನಿಗಾಗಿ. ಇದು ನಿನ್ನದೇ ಬದುಕು ಎಂದು ರಾಸ್ ಹೇಳಿದ ಮೇಲೆ ಅದನ್ನು ತಮಗೇ ಉಳಿಸಿಕೊಂಡರು. ಅಂದರೆ, ಆತ್ಮಕಥೆಯ ಸಾರವೆಂದು ಎಲ್ಲರೂ ನಂಬಿದ ಹಾಡು ಮೊದಲು ಇನ್ನೊಬ್ಬರ ಬಾಯಿಗೆಂದು ಹೊಂದಿಸಿದ್ದು. ಅಂತರ್ಮುಖತೆ ಕೂಡ ಒಂದು ರಚನೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

3. ಹನ್ನೊಂದು ಹಾಡುಗಳು: ಸಾಧಾರಣೀಕರಣ

ಭಟ್ಟನಾಯಕ ಹೇಳಿ, ಅಭಿನವಗುಪ್ತ ಬೆಳೆಸಿದ ಸಾಧಾರಣೀಕರಣ ತತ್ತ್ವವನ್ನು ಕನ್ನಡಕ್ಕೆ ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ತಿಳಿಯಾಗಿ ತಂದುಕೊಟ್ಟಿದೆ. ಕಾವ್ಯದಲ್ಲಿ ಬರುವ ಭಾವ ‘ಇಂಥವರದು’ ಎಂಬ ಕಟ್ಟಿನಿಂದ ಬಿಡುಗಡೆಗೊಂಡು ಸರ್ವಸಾಧಾರಣವಾಗುತ್ತದೆ. ಸಹೃದಯ ಅದನ್ನು ಆಸ್ವಾದಿಸುತ್ತಾನೆ. ಈ ಆಲ್ಬಮ್ಮಿನ ಹನ್ನೆರಡರಲ್ಲಿ ಹನ್ನೊಂದು ಹಾಡುಗಳು ಈ ಕೆಲಸವನ್ನು ಮೂರು ಬಗೆಯಲ್ಲಿ ಮಾಡುತ್ತವೆ.

ಒಂದು, ಭಾವಗಳ ವೈವಿಧ್ಯ. ‘ಕ್ರೂಸಿಫೈ’ಯಲ್ಲಿ ಪಾಪಪ್ರಜ್ಞೆ, ‘ಲೆದರ್’ನಲ್ಲಿ ತುಂಟತನ, ‘ಹ್ಯಾಪಿ ಫ್ಯಾಂಟಮ್’ನಲ್ಲಿ ಸಾವಿನ ಬಗೆಗೇ ಕುಣಿದಾಡುವ ತಮಾಷೆ. ಒಂದೇ ದುಃಖವನ್ನು ಎಳೆಯದೆ ಹಲವು ಸಂಚಾರಿಭಾವಗಳು ಓಡಾಡುವುದರಿಂದ ಕೇಳುಗ ತನಗೆ ಒಪ್ಪುವ ಬಾಗಿಲಿನಿಂದ ಒಳಬರಬಹುದು.

ಎರಡು, ಬಿಡುವು. ‘ಮದರ್’ ಏಳು ನಿಮಿಷಗಳಷ್ಟು ಉದ್ದಕ್ಕೂ ಬರಿಯ ಪಿಯಾನೋ ಮತ್ತು ಕಂಠ. ಲಯ ಅಲ್ಲಲ್ಲಿ ತಡೆದು ನಿಲ್ಲುತ್ತದೆ. ಆ ತಡೆಗಳಲ್ಲಿ ಕೇಳುಗನ ನೆನಪು ಬಂದು ಕೂರುತ್ತದೆ. ‘ಪ್ರೆಷಸ್ ಥಿಂಗ್ಸ್’ನಲ್ಲಿ ಉಸಿರೆಳೆದುಕೊಳ್ಳುವ ಸದ್ದೇ ತಾಳವಾಗುತ್ತದೆ. ರೋಲಾಂ ಬಾರ್ತ್ 1972ರಲ್ಲಿ ‘ಕಂಠದ ಕಣ’ ಎಂದು ಕರೆದದ್ದು, ಹಾಡುವ ದೇಹದ ಗುರುತು, ಇಲ್ಲಿ ಕೈಗೆ ಸಿಗುವಷ್ಟು ಹತ್ತಿರ.

ಮೂರು, ಸಂಬಂಧಗಳ ತೆರೆದ ಚೌಕಟ್ಟು. ‘ವಿಂಟರ್’ ಮಗಳು–ತಂದೆಯ ಹಾಡು. ಹದಿನಾರರಲ್ಲಿ ಅದನ್ನು ಮಗುವಿನ ಕಡೆಯಿಂದ ಕೇಳುವವರು ನಲವತ್ತೈದರಲ್ಲಿ ತಂದೆಯ ಕಡೆಯಿಂದ ಕೇಳಬಹುದು. ಹಾಡು ಎರಡನ್ನೂ ತಾಳುತ್ತದೆ.

4. ಹನ್ನೊಂದನೆಯ ಹಾಡು: ವಿಘ್ನ

ಆದರೆ ಆಲ್ಬಮ್ಮಿನ ಹನ್ನೊಂದನೆಯ ಹಾಡಾದ ‘ಮಿ ಅಂಡ್ ಎ ಗನ್’ಗೆ ಬಂದಾಗ ಈ ವಿವರಣೆ ಮುರಿದುಬೀಳುತ್ತದೆ. ಏಮೋಸ್ ತಾವು ಅನುಭವಿಸಿದ ಲೈಂಗಿಕ ದೌರ್ಜನ್ಯವನ್ನು ಕುರಿತು, 1991ರಲ್ಲಿ ‘ಥೆಲ್ಮಾ ಅಂಡ್ ಲೂಯಿಸ್’ ಚಿತ್ರ ನೋಡಿದ ಮೇಲೆ, ಬರೆದ ಹಾಡು ಇದು. ಇಲ್ಲಿ ಪಿಯಾನೋ ಇಲ್ಲ. ಯಾವ ವಾದ್ಯವೂ ಇಲ್ಲ. ಕಂಪನಿಯ ಮಾತಿಗೂ ಬಿಟ್ಟುಕೊಡದ ಪಿಯಾನೋವನ್ನು ಈ ಒಂದು ಕಡೆ ಅವರೇ ಕೈಬಿಟ್ಟಿದ್ದಾರೆ.

ಅಭಿನವಗುಪ್ತ ಎಣಿಸುವ ಏಳು ರಸವಿಘ್ನಗಳಲ್ಲಿ ಒಂದು, ಅನುಭವವು ‘ನನ್ನದು’ ಅಥವಾ ‘ಅವರದು’ ಎಂದು ನಿರ್ದಿಷ್ಟ ದೇಶಕಾಲಗಳಿಗೆ ಅಂಟಿಕೊಳ್ಳುವುದು. ಈ ಹಾಡು ಹಾಗೆಯೇ ಅಂಟಿಕೊಳ್ಳುತ್ತದೆ. ಇದನ್ನು ‘ಆಸ್ವಾದಿಸಿದೆ’ ಎನ್ನಲು ನಾಲಗೆ ಏಳದು. ಕರುಣರಸಕ್ಕೆ ಬೇಕಾದ ದೂರವನ್ನು ಅದು ಕೊಡುವುದಿಲ್ಲ. ವಾದ್ಯದ ಮರೆ, ತಾಳದ ಆಸರೆ ಎರಡೂ ಇಲ್ಲದೆ ಕೇಳುಗ ಸಾಕ್ಷಿಯ ಜಾಗದಲ್ಲಿ ನಿಲ್ಲಬೇಕಾಗುತ್ತದೆ.

ಈ ವಿಘ್ನದ ಫಲ ಏನಾಯಿತೆಂಬುದು ದಾಖಲಾಗಿದೆ. ಏಮೋಸ್ ಇದನ್ನು ವೇದಿಕೆಯಲ್ಲಿ ಹಾಡತೊಡಗಿದ ಮೇಲೆ ಕೇಳುಗರು, ಮುಖ್ಯವಾಗಿ ಹೆಣ್ಣುಮಕ್ಕಳು, ತಮ್ಮ ಅನುಭವಗಳನ್ನು ಅವರ ಬಳಿ ಹೇಳಿಕೊಳ್ಳತೊಡಗಿದರು. 1994ರಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗಾಗಿ ‘ರೇನ್’ ಎಂಬ ರಾಷ್ಟ್ರೀಯ ಸಂಸ್ಥೆ ಆರಂಭವಾದಾಗ ಅವರು ಅದರ ಮೊದಲ ವಕ್ತಾರರಾದರು. ಸಂಸ್ಥೆ ಉಚಿತ ಸಹಾಯವಾಣಿ ತೆರೆಯಿತು. ಕೇಳುವುದಕ್ಕೆಂದು ಬಂದವರು ಮಾತನಾಡಿದರು, ಹಾಡಿದವರು ಕೇಳಿಸಿಕೊಂಡರು. ಸಹೃದಯ ಎಂಬ ಪದದ ಅರ್ಥ ಇಲ್ಲಿ ಎರಡೂ ದಿಕ್ಕಿಗೆ ಹರಿಯಿತು.

ಹಾಡುಗಳ ಅನುಕ್ರಮವೂ ಮುಖ್ಯ. ‘ಮಿ ಅಂಡ್ ಎ ಗನ್’ ಕೊನೆಯ ಹಾಡಲ್ಲ. ಅದರ ನಂತರ ಶೀರ್ಷಿಕೆ ಗೀತೆ ಬರುತ್ತದೆ. ವಾದ್ಯಗಳು ಮರಳುತ್ತವೆ, ಒಂಟಿ ಕಂಠ ಪದರಪದರವಾಗಿ ಹಲವು ಕಂಠಗಳಾಗುತ್ತದೆ. ಬರಿಯ ಆತ್ಮನಿವೇದನೆಯಾಗಿದ್ದರೆ ಆಲ್ಬಂ ಹನ್ನೊಂದಕ್ಕೇ ನಿಲ್ಲಬಹುದಿತ್ತು. ಹನ್ನೆರಡನೆಯದು ಕೇಳುಗರನ್ನು ಆ ಕೋಣೆಯಿಂದ ಕೈಹಿಡಿದು ಹೊರಗೆ ಕರೆತರುತ್ತದೆ.

5. ಒಂದು ಆಕ್ಷೇಪ

ಇದೆಲ್ಲ ಹರೆಯದ ನೆನಪಿನ ಹಂಬಲವಷ್ಟೇ ಅಲ್ಲವೇ ಎಂದು ಕೇಳಬಹುದು. ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಉಳಿದವುಗಳಿಗಿಂತ ದಟ್ಟವಾಗಿರುತ್ತವೆ ಎಂಬುದನ್ನು ಮನೋವಿಜ್ಞಾನಿಗಳು ಗುರುತಿಸಿದ್ದಾರೆ. ಹರೆಯದಲ್ಲಿ ಕೇಳಿದ ಹಾಡಿಗೆ ಆ ಅನುಕೂಲ ಇದ್ದೇ ಇದೆ. ಆದರೆ ಅದು 1992ರ ಎಲ್ಲ ಆಲ್ಬಮ್ಮುಗಳಿಗೂ ಸಮನಾಗಿ ಸಿಕ್ಕ ಅನುಕೂಲ. ಏಡ್ರಿಯನ್ ಟ್ರಿಯರ್-ಬೀನಿಯಕ್ ಎಂಬ ಸಮಾಜಶಾಸ್ತ್ರಜ್ಞೆ ಏಮೋಸರ ಮಹಿಳಾ ಕೇಳುಗರನ್ನು ಸಂದರ್ಶಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಣುವುದು ಹಾಡುಗಳನ್ನು ಬದುಕಿನ ಕಷ್ಟಗಳಲ್ಲಿ ಬಳಸಿಕೊಂಡವರ ದನಿ. ಹಂಬಲ ಹಿಂದಕ್ಕೆ ನೋಡುತ್ತದೆ, ಬಳಕೆ ಇವತ್ತಿನದು.

ಗಾಯಕಿಯೂ ಈ ಹಾಡುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ. ಅವರ ಕಛೇರಿಗಳಲ್ಲಿ ಹಾಡುಗಳ ಪಟ್ಟಿ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ; ಹಳೆಯದು ಯಾವಾಗ ಬರುವುದೋ ಹೇಳಲಾಗದು. 2012ರ ‘ಗೋಲ್ಡ್ ಡಸ್ಟ್’ ಆಲ್ಬಮ್ಮಿನಲ್ಲಿ ‘ವಿಂಟರ್’, ‘ಪ್ರೆಷಸ್ ಥಿಂಗ್ಸ್’, ‘ಸೈಲೆಂಟ್ ಆಲ್ ದೀಸ್ ಇಯರ್ಸ್’ಗಳನ್ನು ನೆದರ್ಲೆಂಡ್ಸ್‌ನ ಮೆಟ್ರೊಪೋಲ್ ವಾದ್ಯವೃಂದದೊಂದಿಗೆ ಮತ್ತೆ ಹಾಡಿದರು. ಅಷ್ಟರಲ್ಲಿ ಅವರು ತಾಯಿಯಾಗಿದ್ದರು. ಕೇಳುಗರಂತೆ ಅವರೂ ‘ವಿಂಟರ್’ನ ಇನ್ನೊಂದು ದಡಕ್ಕೆ ಬಂದಿದ್ದರು.

6. ಸಮಾರೋಪ

ಹನ್ನೊಂದು ಹಾಡುಗಳು ಕೇಳುಗನಿಗೆ ಜಾಗ ಬಿಡುತ್ತವೆ, ಒಂದು ಹಾಡು ಬಿಡುವುದಿಲ್ಲ. ಎಲ್ಲವೂ ಬಿಟ್ಟಿದ್ದರೆ ಈ ಆಲ್ಬಂ ಸೊಗಸಾದ ಭಾವಗೀತೆಗಳ ಸಂಕಲನವಾಗಿ ಉಳಿಯುತ್ತಿತ್ತು. ಯಾವುದೂ ಬಿಡದಿದ್ದರೆ ಗೌರವದಿಂದ ಒಮ್ಮೆ ಕೇಳಿ ಎತ್ತಿಡುವ ದಾಖಲೆಯಾಗುತ್ತಿತ್ತು. ‘ಇದು ನನ್ನದೂ ಹೌದು’ ಎಂದು ಕೇಳುಗರು ಹನ್ನೊಂದು ಸಲ ಹೇಳಬಲ್ಲರು. ಒಂದು ಸಲ ‘ಇದು ಅವಳದು’ ಎಂದು ಸುಮ್ಮನಾಗಬೇಕಾಗುತ್ತದೆ. ಆ ಒಂದು ಸಲದ ಕಾರಣದಿಂದಲೇ ಉಳಿದ ಹನ್ನೊಂದು ಸಲದ ಸಲಿಗೆ ಅಗ್ಗವಾಗುವುದಿಲ್ಲ. ರಸಮೀಮಾಂಸೆ ವಿಘ್ನಗಳನ್ನು ನಿವಾರಿಸಬೇಕಾದ ಅಡ್ಡಿಗಳೆಂದು ಪಟ್ಟಿಮಾಡಿತು. ಬೇಕೆಂದೇ ಇಟ್ಟ ವಿಘ್ನವೊಂದು ಇಡೀ ಕೃತಿಯನ್ನು ಹೊತ್ತು ನಿಲ್ಲಬಲ್ಲದು ಎಂಬ ಟಿಪ್ಪಣಿಯೊಂದನ್ನು ಆ ಪಟ್ಟಿಯ ಅಂಚಿನಲ್ಲಿ ಬರೆದಿಡಲು ‘ಲಿಟಲ್ ಅರ್ಥ್‌ಕ್ವೇಕ್ಸ್’ ಕಾರಣ ಕೊಡುತ್ತದೆ.