ದೀರ್ಘ ವಿಮಾನಯಾನದಲ್ಲಿ ಆಹಾರ

ಒಂದೇ ಹಾರಾಟದಲ್ಲಿ ಆರೇಳು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲಿರುವ ಪ್ರಯಾಣಕ್ಕೆ ಸಾಮಾನ್ಯವಾಗಿ ದೀರ್ಘ ವಿಮಾನಯಾನ ಎನ್ನುತ್ತಾರೆ. ಅದರ ಮುಂಚೆ, ಅದರ ನಡುವೆ ಮತ್ತು ವಿಮಾನ ಬದಲಿಸುವ ನಿಲ್ದಾಣಗಳಲ್ಲಿ ಏನು ತಿನ್ನಬೇಕು, ಯಾವಾಗ, ಎಷ್ಟು ಎಂಬುದನ್ನು ಕ್ಯಾಬಿನ್ನಿನ ಗಾಳಿ, ದೇಹದ ಗಡಿಯಾರ ಮತ್ತು ಭದ್ರತಾ ತಪಾಸಣೆಯ ನಿಯಮಗಳು ಬಹುಪಾಲು ತೀರ್ಮಾನಿಸುತ್ತವೆ. ಏರ್ ಇಂಡಿಯಾ 2021ರ ಜನವರಿಯಲ್ಲಿ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ನೇರ ಹಾರಾಟ ಆರಂಭಿಸಿದಾಗ ಸುಮಾರು 14,000 ಕಿ.ಮೀ. ದೂರಕ್ಕೆ ಹದಿನಾರು ಹದಿನೇಳು ಗಂಟೆ ಹಿಡಿಯುತ್ತಿತ್ತು. ಮೊದಲ ಹಾರಾಟವನ್ನು ಮಹಿಳಾ ಪೈಲಟ್‌ಗಳ ತಂಡವೇ ಧ್ರುವಮಾರ್ಗವಾಗಿ ನಡೆಸಿತ್ತು. ಅಷ್ಟು ಹೊತ್ತಿನಲ್ಲಿ ಮನೆಯಲ್ಲಾದರೆ ಎರಡು ಊಟ, ಒಂದು ತಿಂಡಿ, ನಾಲ್ಕು ಲೋಟ ಕಾಫಿ ಮುಗಿದಿರುತ್ತವೆ. ಪಟ್ಟಿ ಬಿಗಿದುಕೊಂಡು ಕುಳಿತ ದೇಹಕ್ಕೆ ಅಷ್ಟು ಬೇಕಾಗುವುದಿಲ್ಲ. ಆದರೂ ಎದುರಿಗೆ ತಂದಿಟ್ಟದ್ದನ್ನು ಬಿಡಬಾರದೆಂಬ ಸಂಕೋಚಕ್ಕೆ ಹೆಚ್ಚಿನವರು ಎಲ್ಲವನ್ನೂ ತಿಂದು, ಇಳಿಯುವಾಗ ಹೊಟ್ಟೆ ಭಾರವಾಗಿ, ತಲೆ ಮಂಕಾಗಿ ಇಳಿಯುತ್ತಾರೆ.

ಆಕಾಶದ ಅಡುಗೆ

ವಿಮಾನದಲ್ಲಿ ಊಟ ಒದಗಿಸುವ ಪದ್ಧತಿಗೆ ನೂರು ವರ್ಷ ದಾಟಿದೆ. 1919ರ ಅಕ್ಟೋಬರ್ 11ರಂದು ಹ್ಯಾಂಡ್ಲಿ ಪೇಜ್ ಸಂಸ್ಥೆಯ ಲಂಡನ್–ಪ್ಯಾರಿಸ್ ವಿಮಾನದಲ್ಲಿ ಊಟದ ಪೆಟ್ಟಿಗೆಯೊಂದಕ್ಕೆ ಮೂರು ಷಿಲಿಂಗ್ ಬೆಲೆಯಿತ್ತು. 1936ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಪ್ರಯಾಣಿಕರಿಗಾಗಿ ನೆಲದ ಮೇಲೆ ತನ್ನದೇ ಅಡುಗೆಮನೆ ತೆರೆಯಿತು. ಇಂದು ಜಗತ್ತಿನ ಬಹುತೇಕ ಕಡೆ ಕ್ರಮ ಒಂದೇ: ನಿಲ್ದಾಣದ ಬಳಿಯ ದೊಡ್ಡ ಅಡುಗೆಮನೆಯಲ್ಲಿ ಬೇಯಿಸಿ, ತಕ್ಷಣ ಯಂತ್ರದಲ್ಲಿ ತಣಿಸಿ, ಸುಮಾರು 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಿಟ್ಟು, ಮೇಲೆ ಹೋದ ನಂತರ ಒಲೆಯಲ್ಲಿ ಮತ್ತೆ ಬಿಸಿ ಮಾಡುವುದು. ಆದ್ದರಿಂದ ಎರಡನೆಯ ಬಿಸಿಯನ್ನು ತಾಳಿಕೊಳ್ಳುವ ಪದಾರ್ಥವೇ ಅಲ್ಲಿ ಚೆನ್ನಾಗಿರುತ್ತದೆ. ಅನ್ನ, ಸಾರಿನಂಥ ತೆಳುವಾದ ಪದಾರ್ಥ, ಬೇಳೆ, ಗೊಜ್ಜು, ಉಪ್ಪಿಟ್ಟು ಇವು ಉಳಿಯುತ್ತವೆ. ಕರಿದದ್ದು ಮೆತ್ತಗಾಗುತ್ತದೆ, ಮೊಟ್ಟೆ ರಬ್ಬರಾಗುತ್ತದೆ, ಕೋಳಿಯ ಎದೆಮಾಂಸ ಒಣಗುತ್ತದೆ.

ಈ ಕಟ್ಟುನಿಟ್ಟಿನ ತಣಿಸುವಿಕೆಗೆ ಕಾರಣಗಳಿವೆ. 1975ರ ಫೆಬ್ರವರಿಯಲ್ಲಿ ಟೋಕಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಜಪಾನ್ ಏರ್‌ಲೈನ್ಸ್ ವಿಮಾನಕ್ಕೆ ಆಂಕರೇಜ್‌ನಲ್ಲಿ ತುಂಬಿಸಿದ ಉಪಾಹಾರ ತಿಂದು ಸುಮಾರು ಇನ್ನೂರು ಮಂದಿ ಅಸ್ವಸ್ಥರಾದರು. ಅಡುಗೆಯವನ ಬೆರಳಿನ ಹುಣ್ಣಿನಿಂದ ಹ್ಯಾಮ್‌ಗೆ ಸೇರಿದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ, ಆಹಾರವನ್ನು ತಂಪಿನಲ್ಲಿಡದ ಗಂಟೆಗಳಲ್ಲಿ ವೃದ್ಧಿಸಿ ವಿಷ ಉಂಟುಮಾಡಿತ್ತು. ಪೈಲಟ್‌ಗಳು ಆ ಉಪಾಹಾರ ತಿಂದಿರಲಿಲ್ಲವಾದ್ದರಿಂದ ವಿಮಾನ ಕ್ಷೇಮವಾಗಿ ಇಳಿಯಿತು. ಇಬ್ಬರು ಪೈಲಟ್‌ಗಳು ಬೇರೆಬೇರೆ ಊಟ ಮಾಡಬೇಕೆಂಬ ಪದ್ಧತಿ ಇಂದು ಹಲವು ಸಂಸ್ಥೆಗಳಲ್ಲಿದೆ.

ರುಚಿ ಏಕೆ ಕುಂದುತ್ತದೆ

ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರಬಹುದು. ಬೋಯಿಂಗ್ 787, ಏರ್‌ಬಸ್ ಎ350 ಮಾದರಿಗಳಲ್ಲಿ ಅದು 6,000 ಅಡಿಯ ಮಟ್ಟಕ್ಕೆ ಹತ್ತಿರ. ಗಾಳಿಯಲ್ಲಿ ತೇವಾಂಶ ಶೇ. 20ಕ್ಕೂ ಕಡಿಮೆ. ಮೂಗಿನ ಒಳಪದರ ಒಣಗಿದರೆ ವಾಸನೆ ಹಿಡಿಯುವ ಶಕ್ತಿ ಕುಗ್ಗುತ್ತದೆ. ನಾವು ರುಚಿ ಎನ್ನುವುದರಲ್ಲಿ ವಾಸನೆಯ ಪಾಲೇ ದೊಡ್ಡದು. ನೆಗಡಿಯಾದಾಗ ಹುಳಿಯೂ ಸಪ್ಪೆ ಎನಿಸುವಂತೆ, ಆಕಾಶದಲ್ಲಿ ಊಟವೂ ಸಪ್ಪೆಯಾಗುತ್ತದೆ.

ಇದನ್ನು ಅಳೆಯಲು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಲುಫ್ತಾನ್ಸಾ ಕಂಪನಿಗಾಗಿ ಹೋಲ್ಟ್ಸ್‌ಕಿರ್ಖೆನ್‌ನಲ್ಲಿ ಏರ್‌ಬಸ್ ವಿಮಾನವೊಂದರ ಮುಂಭಾಗವನ್ನೇ ಕಡಿಮೆ ಒತ್ತಡದ ಕೊಳವೆಯೊಳಗಿಟ್ಟು, ಜನರನ್ನು ಕೂರಿಸಿ ತಿನ್ನಿಸಿ ನೋಡಿತು. ಉಪ್ಪಿನ ಅರಿವು ಶೇ. 20ರಿಂದ 30ರಷ್ಟು, ಸಿಹಿಯ ಅರಿವು ಶೇ. 15ರಿಂದ 20ರಷ್ಟು ಇಳಿದಿತ್ತು. ಹುಳಿ, ಕಹಿ ಅಷ್ಟಾಗಿ ಬದಲಾಗಲಿಲ್ಲ. ಏಲಕ್ಕಿ, ಮಜ್ಜಿಗೆಹುಲ್ಲು, ಕರಿಗಳ ಮಸಾಲೆ ಬಹುಮಟ್ಟಿಗೆ ತಮ್ಮ ಬಲ ಉಳಿಸಿಕೊಂಡವು. ನೆಲದ ಮೇಲೆ ಮಣ್ಣುವಾಸನೆ ಎನಿಸಿದ ಟೊಮೆಟೊ ರಸ ಕಡಿಮೆ ಒತ್ತಡದಲ್ಲಿ ಹಣ್ಣಿನ ಸಿಹಿ ಪಡೆಯಿತು. 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಎಂಜಿನ್ ಗದ್ದಲದ ಪಾಲನ್ನೂ ತೋರಿಸಿದರು: 85 ಡೆಸಿಬಲ್ ಸುತ್ತಮುತ್ತಲಿನ ಶಬ್ದದಲ್ಲಿ ಸಿಹಿ ಮಂದವಾಗುತ್ತದೆ, ಟೊಮೆಟೊ, ಅಣಬೆ, ಬಲಿತ ಚೀಸ್‌ಗಳಲ್ಲಿರುವ ಉಮಾಮಿ ಎಂಬ ರುಚಿ ಎದ್ದು ಕಾಣುತ್ತದೆ. ಮಸಾಲೆ, ಹುಣಸೆ, ಟೊಮೆಟೊ ಇರುವ ಭಾರತೀಯ ಊಟ ವಿಮಾನದಲ್ಲಿ ಬೇರೆ ಊಟಗಳಿಗಿಂತ ಮೇಲೆನಿಸುವುದಕ್ಕೆ ನಮ್ಮ ಅಭಿಮಾನವೊಂದೇ ಕಾರಣವಲ್ಲವೆಂದು ಈ ಪ್ರಯೋಗಗಳಿಂದ ಧೈರ್ಯವಾಗಿ ಹೇಳಬಹುದು. ಕುಂದಿದ ರುಚಿಯನ್ನು ಸರಿದೂಗಿಸಲು ಅಡುಗೆಮನೆಗಳು ಉಪ್ಪನ್ನು ಏರಿಸುವುದುಂಟು. ರಕ್ತದೊತ್ತಡವಿರುವವರು ಇದನ್ನು ನೆನಪಿನಲ್ಲಿಟ್ಟು ಉಪ್ಪಿನಕಾಯಿ, ಹಪ್ಪಳ, ಪೊಟ್ಟಣದ ಕಡಲೆಬೀಜಗಳನ್ನು ಬಿಡುವುದು ಒಳ್ಳೆಯದು.

ಕಾಫಿ, ಚಹಾ ಕೂಡ ಅಲ್ಲಿ ಸೋಲುತ್ತವೆ. 8,000 ಅಡಿಯ ಒತ್ತಡದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುವುದರಿಂದ ಚಹಾ ಪುಡಿ ಪೂರ್ತಿ ಬಿಟ್ಟುಕೊಳ್ಳುವುದಿಲ್ಲ. ಆ ನೀರು ಬರುವುದು ಸಾಮಾನ್ಯವಾಗಿ ವಿಮಾನದ ತೊಟ್ಟಿಯಿಂದ. ಅಮೆರಿಕದಲ್ಲಿ ತಪಾಸಣೆಯ ವೇಳೆ ಹಲವು ವಿಮಾನಗಳ ತೊಟ್ಟಿನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕಂಡುಬಂದದ್ದರಿಂದ 2009ರಲ್ಲಿ ಅಲ್ಲಿ ಪ್ರತ್ಯೇಕ ನಿಯಮವನ್ನೇ ರೂಪಿಸಲಾಯಿತು. ಕುಡಿಯಲು ಮುಚ್ಚಿದ ಬಾಟಲಿಯ ನೀರು ಕೇಳುವುದು ಸುರಕ್ಷಿತ.

ಹೊಟ್ಟೆ ಮತ್ತು ನೀರು

ಒತ್ತಡ ಇಳಿದಂತೆ ಅನಿಲ ಹಿಗ್ಗುತ್ತದೆ. ಸಮುದ್ರಮಟ್ಟದಿಂದ 8,000 ಅಡಿಯ ಒತ್ತಡಕ್ಕೆ ಹೋದಾಗ ಕರುಳಿನ ಗಾಳಿ ಮೂರನೆಯ ಒಂದು ಭಾಗದಷ್ಟು ಹಿಗ್ಗಬಲ್ಲದು. ಬೆಂಗಳೂರು ಈಗಾಗಲೇ 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿಂದ ಹೊರಟವರಿಗೆ ಈ ವ್ಯತ್ಯಾಸ ಕರಾವಳಿಯಿಂದ ಹೊರಟವರಿಗಿಂತ ಕಡಿಮೆ. ಆದರೂ ಪ್ರಯಾಣದ ಹಿಂದಿನ ದಿನ ಅವರೆಕಾಳು, ಕಡಲೆಕಾಳು, ಎಲೆಕೋಸು, ಮೂಲಂಗಿ, ಸೋಡಾ ಪಾನೀಯಗಳನ್ನು ಮಿತಗೊಳಿಸಬೇಕು. ಅವರೆಯ ಕಾಲದಲ್ಲಿ ಹೊರಡುವವರನ್ನು ಬೀಳ್ಕೊಡಲು ಮನೆಯವರು ಪ್ರೀತಿಯಿಂದ ಹಿತಕಿದ ಬೇಳೆ ಸಾರು ಮಾಡುತ್ತಾರೆ. ಅದನ್ನು ಎರಡು ದಿನ ಮೊದಲೇ ಮಾಡಿದರೆ ಮೇಲು.

ಒಣಗಾಳಿಗೆ ಬಾಯಾರಿಕೆ ಸಹಜ. ಒಂದೇ ಸಲ ಲೋಟಗಟ್ಟಲೆ ಕುಡಿಯುವುದಕ್ಕಿಂತ ಆಗಾಗ ಗುಟುಕರಿಸುವುದು ಹಿತ. ಕಾಲಿನ ರಕ್ತನಾಳದಲ್ಲಿ ಗರಣೆಗಟ್ಟುವ ಅಪಾಯಕ್ಕೆ ಮಾತ್ರ ನೀರಿನಷ್ಟರಿಂದಲೇ ಪರಿಹಾರವಿಲ್ಲ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿತು, ಅದರ ಮುಖ್ಯ ಕಾರಣ ಅಲುಗಾಡದೆ ಕೂರುವುದು. ಮದ್ಯದ ಬಗ್ಗೆ ಹೊಸ ಎಚ್ಚರಿಕೆಯಿದೆ. ಜರ್ಮನಿಯ ವಾಯು-ಬಾಹ್ಯಾಕಾಶ ಕೇಂದ್ರದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮದ್ಯ ಕುಡಿದು ವಿಮಾನದಂಥ ಒತ್ತಡದಲ್ಲಿ ಮಲಗಿದ ಆರೋಗ್ಯವಂತರ ರಕ್ತದ ಆಮ್ಲಜನಕ ಮಟ್ಟ ಶೇ. 85ರ ಸುತ್ತಮುತ್ತ ಇಳಿದಿತ್ತು, ಎದೆಬಡಿತ ಏರಿತ್ತು. ನಿದ್ದೆ ಬರಲೆಂದು ಒಂದೆರಡು ಲೋಟ ವೈನ್ ಕುಡಿಯುವ ಹಳೆಯ ರೂಢಿಯನ್ನು, ವಿಶೇಷವಾಗಿ ಹೃದಯ, ಶ್ವಾಸಕೋಶದ ತೊಂದರೆಯಿರುವವರು, ಕೈಬಿಡಬೇಕು.

ಊಟದ ಹೊತ್ತು

ದೇಹದ ಗಡಿಯಾರವನ್ನು ತಿರುಗಿಸುವುದರಲ್ಲಿ ಬೆಳಕಿಗೆ ಮೊದಲ ಸ್ಥಾನ. ಊಟದ ವೇಳೆಗೂ ಒಂದು ಪಾಲಿದೆ, ಯಕೃತ್ತು, ಕರುಳುಗಳು ಅದನ್ನು ಅನುಸರಿಸುತ್ತವೆ. ವಿಮಾನದ ತಳ್ಳುಗಾಡಿ ಬರುವ ವೇಳೆಯನ್ನು ಗೊತ್ತುಮಾಡುವಾಗ ಸಿಬ್ಬಂದಿಯ ಕೆಲಸದ ಅನುಕೂಲವೂ ಸೇರಿರುತ್ತದೆ, ಪ್ರಯಾಣಿಕನ ದೇಹ ಅಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿ ವಿಮಾನ ಹತ್ತಿದೊಡನೆ ಗಡಿಯಾರವನ್ನು ತಲುಪುವ ಊರಿನ ವೇಳೆಗೆ ತಿರುಗಿಸಿ, ಅಲ್ಲಿ ಊಟದ ಹೊತ್ತಾಗಿದ್ದರೆ ತಿನ್ನುವುದು, ರಾತ್ರಿಯಾಗಿದ್ದರೆ ಬೇಡವೆಂದು ಮಲಗುವುದು ಸರಿಯಾದ ಕ್ರಮ. ಈ ಲೇಖನದಲ್ಲಿ ಒಂದೇ ಸಲಹೆಗೆ ಜಾಗವಿದ್ದರೆ ಇದನ್ನೇ ಇಡಬೇಕು.

ಬೆಂಗಳೂರಿನಿಂದ ಯುರೋಪ್, ಕೊಲ್ಲಿ ದೇಶಗಳಿಗೆ ಹೋಗುವ ಹಲವು ವಿಮಾನಗಳು ಮಧ್ಯರಾತ್ರಿ ಕಳೆದು ಬೆಳಗಾಗುವುದರೊಳಗೆ ಹೊರಡುತ್ತವೆ. ಮೇಲೇರಿ ಒಂದು ಗಂಟೆಯಲ್ಲಿ, ಅಂದರೆ ಬೆಳಗಿನ ಮೂರು ನಾಲ್ಕರ ಹೊತ್ತಿಗೆ, ಪೂರ್ತಿ ಊಟ ಎದುರಿಗೆ ಬರುತ್ತದೆ. ಸಂಜೆ ಏಳೆಂಟು ಗಂಟೆಗೆ ಮನೆಯಲ್ಲೇ ಹಗುರವಾಗಿ ಉಂಡು, ವಿಮಾನದಲ್ಲಿ ಆ ಊಟವನ್ನು ಬಿಟ್ಟು ಮಲಗಿ, ಇಳಿಯುವ ಮುಂಚಿನ ತಿಂಡಿ ತಿಂದವರು ಫ್ರಾಂಕ್‌ಫರ್ಟ್‌ನಲ್ಲಿ ಹೊಸ ದಿನವನ್ನು ಸರಿಯಾಗಿ ಆರಂಭಿಸುತ್ತಾರೆ. ಕೆಫೀನಿನ ಅರ್ಧ ಭಾಗ ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ತಲುಪುವ ಊರಿನ ಮಧ್ಯಾಹ್ನದ ನಂತರ ಕಾಫಿ ಬೇಡ ಎನ್ನುವುದು ಈ ಲೆಕ್ಕದಿಂದಲೇ.

ಆಸ್ಟ್ರೇಲಿಯದ ಕ್ವಾಂಟಾಸ್ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದೆ. 2019ರಲ್ಲಿ ಅದು ನ್ಯೂಯಾರ್ಕ್‌ನಿಂದ ಸಿಡ್ನಿಗೆ 19 ಗಂಟೆ ಮೀರಿದ ಪ್ರಾಯೋಗಿಕ ಹಾರಾಟ ನಡೆಸಿ, ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರೊಡನೆ ದೀಪ, ವ್ಯಾಯಾಮ, ಊಟಗಳ ವೇಳಾಪಟ್ಟಿಯನ್ನೇ ಬದಲಿಸಿತು. ಎಚ್ಚರವಾಗಿರಬೇಕಾದ ಹೊತ್ತಿಗೆ ಖಾರದ ಊಟ, ಮಲಗಬೇಕಾದ ಹೊತ್ತಿಗೆ ಸೂಪ್, ಪಿಷ್ಟ, ಹಾಲಿನ ಸಿಹಿ. ರಾತ್ರಿ ಮಲಗುವ ಮುಂಚೆ ಬಿಸಿ ಹಾಲು, ಮೊಸರನ್ನಗಳಿಗೆ ಒಗ್ಗಿದ ನಮ್ಮವರಿಗೆ ಇದು ಹೊಸದೇನಲ್ಲ.

ವಿಶೇಷ ಊಟಗಳು

ವಿಮಾನ ಸಂಸ್ಥೆಗಳು ನಾಲ್ಕಕ್ಷರದ ಅಂತರರಾಷ್ಟ್ರೀಯ ಸಂಕೇತಗಳಲ್ಲಿ ಊಟವನ್ನು ಗುರುತಿಸುತ್ತವೆ. ಎವಿಎಂಎಲ್ ಎಂದರೆ ಭಾರತೀಯ ಶೈಲಿಯ ಮಸಾಲೆಯ ಸಸ್ಯಾಹಾರ. ವಿಜಿಎಂಎಲ್ ಹಾಲು, ತುಪ್ಪ, ಮೊಟ್ಟೆ ಯಾವುದೂ ಇಲ್ಲದ್ದು. ವಿಎಲ್‌ಎಂಎಲ್ ಪಾಶ್ಚಾತ್ಯ ಶೈಲಿಯದು, ಅದರಲ್ಲಿ ಮೊಟ್ಟೆ ಇರಬಹುದು. ಗೆಡ್ಡೆಗಳು, ಈರುಳ್ಳಿ, ಬೆಳ್ಳುಳ್ಳಿ ಬಿಡುವವರಿಗೆ ವಿಜೆಎಂಎಲ್ ಎಂಬ ಜೈನ ಊಟ. ಈರುಳ್ಳಿ ತಿನ್ನದ ಬೇರೆ ಮನೆತನದವರೂ ಇದನ್ನೇ ಆರಿಸಬಹುದು. ಎಚ್‌ಎನ್‌ಎಂಎಲ್, ಅಂದರೆ ಹಿಂದೂ ಊಟ, ಹೆಸರು ನೋಡಿ ಸಸ್ಯಾಹಾರವೆಂದು ಭಾವಿಸಿ ಆರಿಸಿಕೊಂಡವರು ಬಹಳ. ಅದು ಗೋಮಾಂಸವಿಲ್ಲದ ಮಾಂಸಾಹಾರ. ತಂದೆತಾಯಿಗೆ ಟಿಕೆಟ್ ಮಾಡಿಸುವ ಮಕ್ಕಳು ಈ ಒಂದು ಸಾಲನ್ನು ಎರಡು ಸಲ ಪರಿಶೀಲಿಸಲೇಬೇಕು. ಭಾಷೆ ತಿಳಿಯದ ಹಿರಿಯರು ತಟ್ಟೆಯನ್ನು ಮುಚ್ಚಿಟ್ಟು ಹಸಿದುಕೊಂಡೇ ಹನ್ನೆರಡು ಗಂಟೆ ಕುಳಿತಿರುತ್ತಾರೆ. ಮಧುಮೇಹದ ಊಟ ಡಿಬಿಎಂಎಲ್, ಹಣ್ಣಿನ ತಟ್ಟೆ ಎಫ್‌ಪಿಎಂಎಲ್. ಸಾಮಾನ್ಯವಾಗಿ 24 ಗಂಟೆ ಮೊದಲೇ ತಿಳಿಸಬೇಕು, ಯೆಹೂದ್ಯರ ಕೋಷರ್ ಊಟಕ್ಕೆ ಇನ್ನೂ ಮುಂಚೆ. ನಡುವೆ ಬೇರೆ ಸಂಸ್ಥೆಯ ವಿಮಾನ ಹತ್ತುವುದಿದ್ದರೆ ಅಲ್ಲಿಗೂ ಪ್ರತ್ಯೇಕವಾಗಿ ತಿಳಿಸಿರುವುದು ಕ್ಷೇಮ.

ಬುತ್ತಿ

ಕಟ್ಟಿಕೊಂಡು ಹೋಗುವ ಬುತ್ತಿಗೆ ಎರಡು ತೊಡಕುಗಳಿವೆ. ಒಂದು, 2006ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದ 100 ಮಿಲಿಲೀಟರ್ ನಿಯಮ. ಮೊಸರು, ಚಟ್ನಿ, ಗೊಜ್ಜು, ತುಪ್ಪ, ಜ್ಯಾಮ್ ಎಲ್ಲವನ್ನೂ ದ್ರವವೆಂದೇ ಪರಿಗಣಿಸುತ್ತಾರೆ. ಉಪ್ಪಿನಕಾಯಿ ಕೈಚೀಲದಲ್ಲಿ ದಾಟುವುದು ಕಷ್ಟ. ಒಣ ಕೊಬ್ಬರಿಯ ಗಿಟುಕನ್ನು ಭಾರತದ ನಿಲ್ದಾಣಗಳಲ್ಲಿ ಸಾಮಾನಿನೊಳಗೂ ಬಿಡುವುದಿಲ್ಲ, ಅದು ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ.

ಇನ್ನೊಂದು ತೊಡಕು ಕೆಡುವುದು. ಬೇಯಿಸಿದ ಅನ್ನವನ್ನು ಗಂಟೆಗಟ್ಟಲೆ ಬೆಚ್ಚಗಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಾಂತಿ ತರಿಸುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹುಣಸೆಯ ಹುಳಿ, ಎಣ್ಣೆ ಇರುವ ಪುಳಿಯೋಗರೆ ಚಿತ್ರಾನ್ನಕ್ಕಿಂತ ಹೆಚ್ಚು ತಾಳುತ್ತದೆ. ತೆಂಗಿನಕಾಯಿ ತುರಿ ಬೆರೆತದ್ದು ಬೇಗ ಹಳಸುತ್ತದೆ. ಚಪಾತಿ, ಚಟ್ನಿಪುಡಿ, ಖಡಕ್ ಜೋಳದ ರೊಟ್ಟಿ, ಹುರಿದ ಅವಲಕ್ಕಿ, ಕಡಲೆಬೀಜ, ಒಣದ್ರಾಕ್ಷಿ, ರವೆಉಂಡೆ ಇವು ಸುರಕ್ಷಿತ. ದಿನಗಟ್ಟಲೆ ದಾರಿ ನಡೆಯುತ್ತಿದ್ದ ಉತ್ತರ ಕರ್ನಾಟಕದವರ ಖಡಕ್ ರೊಟ್ಟಿಯಷ್ಟು ವಿಮಾನಕ್ಕೆ ಹೊಂದುವ ಆಹಾರ ಅಪರೂಪ: ಅದರಲ್ಲಿ ತೇವವಿಲ್ಲ, ವಾಸನೆ ಪಕ್ಕದವರಿಗೆ ತಾಗುವುದಿಲ್ಲ, ತಪಾಸಣೆಯಲ್ಲಿ ತಡೆಯಿಲ್ಲ.

ನಿಲುಗಡೆಯಲ್ಲಿ

ದುಬೈ, ದೋಹಾ, ಅಬುಧಾಬಿ, ಫ್ರಾಂಕ್‌ಫರ್ಟ್, ಸಿಂಗಪುರ ಇವು ಕನ್ನಡಿಗರು ಹೆಚ್ಚಾಗಿ ವಿಮಾನ ಬದಲಿಸುವ ನಿಲ್ದಾಣಗಳು. ಮೂರು ನಾಲ್ಕು ಗಂಟೆಯ ನಿಲುಗಡೆಯನ್ನು ಮುಖ್ಯ ಊಟಕ್ಕೆ ಬಳಸುವುದು ಜಾಣತನ. ಅಲ್ಲಿ ನೆಲದ ಒತ್ತಡವಿದೆ, ರುಚಿ ಮರಳಿರುತ್ತದೆ, ತಿಂದ ಮೇಲೆ ನಡೆದಾಡಲು ಉದ್ದನೆಯ ಪಡಸಾಲೆಗಳಿವೆ. ಸೂಪ್, ಬೇಳೆ, ಮೊಸರು, ಹಣ್ಣು, ಬೇಯಿಸಿದ ತರಕಾರಿ ಹುಡುಕಬೇಕು. ಬರ್ಗರ್ ಅಂಗಡಿ ಕಣ್ಣಿಗೆ ಮೊದಲು ಬೀಳುತ್ತದೆ, ಆದರೆ ಕೊಲ್ಲಿಯ ನಿಲ್ದಾಣಗಳಲ್ಲಿ ಹಮ್ಮಸ್, ಮಸೂರಬೇಳೆ ಸೂಪ್, ತಬ್ಬೂಲೆಯಂಥ ಅರಬ್ ತಿನಿಸುಗಳು ಸಸ್ಯಾಹಾರಿಗಳಿಗೆ ಚೆನ್ನಾಗಿ ಹೊಂದುತ್ತವೆ. ಪೂರ್ವ ಮತ್ತು ಆಗ್ನೇಯ ಏಷ್ಯದಲ್ಲಿ ಹೆಚ್ಚು ಎಚ್ಚರ ಬೇಕು: ಜಪಾನಿನ ಸಾರುಗಳಿಗೆ ಒಣಮೀನಿನ ಕಷಾಯ, ಥಾಯ್ ಪಲ್ಯಗಳಿಗೆ ಮೀನಿನ ಸಾಸ್ ಸೇರುವುದು ರೂಢಿ. ಅಲ್ಲಿ ಬೌದ್ಧ ಸಸ್ಯಾಹಾರ ಎಂದು ಕೇಳಿದರೆ ಅರ್ಥವಾಗುತ್ತದೆ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಸಾಮಾನ್ಯವಾಗಿ ಇರುವುದಿಲ್ಲ. ಖಾಲಿ ಬಾಟಲಿ ಜೊತೆಯಲ್ಲಿರಲಿ. ಹೊರಟ ನಿಲ್ದಾಣದಲ್ಲಿ ಕೊಂಡ ನೀರನ್ನು ಬದಲಾವಣೆಯ ನಿಲ್ದಾಣದ ತಪಾಸಣೆಯಲ್ಲಿ ಕಿತ್ತುಕೊಳ್ಳುವುದುಂಟು, ಒಳಗೆ ಹೋದ ಮೇಲೆ ನಲ್ಲಿಯಲ್ಲಿ ತುಂಬಿಸಿಕೊಳ್ಳಬಹುದು.

ತಪಾಸಣೆಯಲ್ಲಿ ಹಸುಗೂಸಿನ ಹಾಲು, ಆಹಾರಕ್ಕೆ 100 ಮಿಲಿಲೀಟರ್ ಮಿತಿಯಿಂದ ವಿನಾಯಿತಿಯಿದೆ. ಏರುವಾಗ, ಇಳಿಯುವಾಗ ಮಗುವಿಗೆ ಹಾಲು ಕುಡಿಸಿದರೆ ನುಂಗುವುದರಿಂದ ಕಿವಿಯ ನೋವು ತಗ್ಗುತ್ತದೆ. ಇನ್ಸುಲಿನ್ ಪಡೆಯುವವರಿಗೆ ಪಶ್ಚಿಮಕ್ಕೆ ಹೋಗುವಾಗ ದಿನ ಹಿಗ್ಗುತ್ತದೆ, ಪೂರ್ವಕ್ಕೆ ಕುಗ್ಗುತ್ತದೆ; ಪ್ರಮಾಣವನ್ನು ಮೊದಲೇ ವೈದ್ಯರಿಂದ ಬರೆಸಿಕೊಂಡು, ಔಷಧವನ್ನು ಕೈಚೀಲದಲ್ಲೇ ಇಟ್ಟು, ಊಟ ಕೈಗೆ ಬಂದ ಮೇಲೆಯೇ ಚುಚ್ಚಿಕೊಳ್ಳಬೇಕು.

ಇಳಿಯುವ ಮುಂಚೆ

ಉಳಿದ ಬುತ್ತಿಯನ್ನು ವಿಮಾನದಲ್ಲೇ ಮುಗಿಸಬೇಕು, ಇಲ್ಲವೇ ಬಿಡಬೇಕು. ವಿಮಾನದಲ್ಲಿ ಕೊಟ್ಟ ಸೇಬು ಕೂಡ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಘೋಷಿಸದೆ ಒಯ್ದರೆ ದಂಡಕ್ಕೆ ಕಾರಣ. ನ್ಯೂಜಿಲೆಂಡಿನಲ್ಲಿ ಅದು 400 ಡಾಲರ್. ಅಮೆರಿಕಕ್ಕೆ ತಾಜಾ ಕರಿಬೇವು ಒಯ್ಯುವಂತಿಲ್ಲ, ಕಿತ್ತಳೆ ಜಾತಿಯ ಬೆಳೆಗಳಿಗೆ ರೋಗ ಹರಡುವ ಕೀಟ ಅದರಲ್ಲಿರಬಹುದೆಂಬುದು ಕಾರಣ. ಚಟ್ನಿಪುಡಿ, ಸಾರಿನಪುಡಿ, ಸಿಹಿತಿಂಡಿಗಳನ್ನು ಘೋಷಣಾ ಪತ್ರದಲ್ಲಿ ಬರೆದು ತೋರಿಸಿದರೆ ಬಹುತೇಕ ಬಿಡುತ್ತಾರೆ. ಬಿಡದಿದ್ದರೂ ಆ ಪದಾರ್ಥವಷ್ಟೇ ಹೋಗುತ್ತದೆ, ದಂಡ ಬೀಳುವುದಿಲ್ಲ.