ವೆಂಗುರ್ಲೆಯ ಬಂದರವೂ ಘಟಪ್ರಭೆಯ ದಂಡೆಯ ನಾಡೂ

ಗೋಕಾಕ, ಮೂಡಲಗಿ, ಹುಕ್ಕೇರಿ ಎಂದೊಡನೆ ಇತಿಹಾಸದ ಅಭ್ಯಾಸಿಗೆ ನೆನಪಾಗುವುವು ಜಲಪಾತ, ಗಿರಣಿ, ಆದಿಲ್‌ಶಾಹಿ ಕಾಲದ ಗುಮ್ಮಟಗಳು. ಕಡಲಿನ ನೆನಪು ಯಾರಿಗೂ ಬಾರದು. ಇದು ಒಳನಾಡು, ಕಪ್ಪು ಮಣ್ಣು, ಜೋಳ, ಕಬ್ಬುಗಳ ನಾಡು. ಆದರೂ ರೈಲು ಬರುವುದಕ್ಕೆ ಮುಂಚಿನ ಕಾಲದಲ್ಲಿ ಈ ಸೀಮೆಗೊಂದು ಬಂದರವಿದ್ದಿತು, ಅದು ಕೊಂಕಣದ ವೆಂಗುರ್ಲೆ ಎಂಬುದನ್ನು ಮರೆತರೆ ಇಲ್ಲಿಯ ಪೇಟೆಗಳ ಇತಿಹಾಸ ಅರ್ಧವಾಗಿಯೇ ಉಳಿಯುತ್ತದೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಮೊದಲು ಭೂಮಿಯ ಸ್ವರೂಪವನ್ನು ನೋಡಬೇಕು. ಹಿರಣ್ಯಕೇಶಿ ನದಿಯು ಸಹ್ಯಾದ್ರಿಯ ನೆತ್ತಿಯ ಮೇಲಿನ ಆಂಬೋಲಿಯಲ್ಲಿ ಹುಟ್ಟುತ್ತದೆ. ಅಲ್ಲಿಂದ ಪಡುಗಡಲು ಕಣ್ಣಳತೆಯ ದೂರ. ಆದರೆ ನದಿಯು ಕಡಲಿಗೆ ಬೆನ್ನು ತಿರುಗಿಸಿ ಮೂಡಲಕ್ಕೆ ಹರಿದು, ಆಜರೆ, ಗಡಹಿಂಗ್ಲಜ, ಸಂಕೇಶ್ವರಗಳನ್ನು ದಾಟಿ ಘಟಪ್ರಭೆಯನ್ನು ಕೂಡುತ್ತದೆ. ಆ ನೀರೇ ಗೋಕಾಕದಲ್ಲಿ ಸುಮಾರು ೧೭೦ ಅಡಿ ಧುಮುಕಿ, ಕೃಷ್ಣೆಯ ಪಾಲಾಗಿ, ಕಡೆಗೆ ಬಂಗಾಲದ ಉಪಸಾಗರವನ್ನು ಮುಟ್ಟುತ್ತದೆ. ನದಿ ತೋರಿಸುವ ಸಮುದ್ರ ನೂರಾರು ಹರದಾರಿಗಳಾಚೆ. ನದಿಯ ಪ್ರವಾಹಕ್ಕೆ ಎದುರಾಗಿ ಏರಿದವನಿಗೆ ಸಿಗುವ ಸಮುದ್ರ ಕೆಲವೇ ದಿನಗಳ ದಾರಿ. ವ್ಯಾಪಾರಿಯು ಆರಿಸಿಕೊಂಡುದು ಎರಡನೆಯದನ್ನು. ಸಂಕೇಶ್ವರದಿಂದ ಹಿರಣ್ಯಕೇಶಿಯ ಕಣಿವೆಯನ್ನು ಹಿಡಿದು ಆಜರೆಯ ಮೇಲಿಂದ ಆಂಬೋಲಿಗೆ ಏರಿ, ಘಟ್ಟವಿಳಿದು ಸಾವಂತವಾಡಿಯ ಮಾರ್ಗವಾಗಿ ವೆಂಗುರ್ಲೆಯನ್ನು ಸೇರುವ ಇಂದಿನ ಮೋಟಾರು ರಸ್ತೆಯೂ ಇದೇ ಜಾಡಿನಲ್ಲಿದೆ.

ಬಂದರದ ಪ್ರಾಮುಖ್ಯವು ಸತ್ರನೆಯ ಶತಮಾನದಲ್ಲಿಯೇ ವಿದಿತವಾಗುತ್ತದೆ. ಗೋವೆಯ ಪೋರ್ತುಗೀಜರನ್ನು ಕಡಲಿನಲ್ಲಿ ಅಡ್ಡಗಟ್ಟಬೇಕೆಂದು ಹವಣಿಸಿದ ಡಚ್ಚರಿಗೆ ಗೋವೆಯ ಸಮೀಪದಲ್ಲಿ ನೆಲೆಯೊಂದು ಬೇಕಾಗಿದ್ದಿತು. ೧೬೩೭ರಲ್ಲಿ ಅವರ ದೂತನಾದ ಯೋಹಾನ್ ಫಾನ್ ಟ್ವಿಸ್ಟ್ ವಿಜಾಪುರದ ಮುಹಮ್ಮದ್ ಆದಿಲ್‌ಶಹನ ಆಸ್ಥಾನಕ್ಕೆ ಹೋದನು. ಆಗ ವೆಂಗುರ್ಲೆಯು ವಿಜಾಪುರದ ರಾಜ್ಯಕ್ಕೆ ಸೇರಿದ್ದಿತು. ಸುಲ್ತಾನನ ಅನುಮತಿಯಿಂದ ಡಚ್ಚರು ಅಲ್ಲಿ ತಮ್ಮ ವಖಾರಿಯನ್ನು ತೆರೆದರು. ಮುಂದೆ ಅದನ್ನು ಕೋಟೆಯಂತೆ ಬಲಪಡಿಸಿ, ಆ ಶತಮಾನದ ಕೊನೆಯ ಭಾಗದವರೆಗೂ ಇಟ್ಟುಕೊಂಡಿದ್ದರು. ಫ್ರೆಂಚ್ ಪ್ರವಾಸಿಯಾದ ತಾವೆರ್ನಿಯೆಯು ಈ ಊರನ್ನು ಕಂಡು, ಹಡಗುಗಳು ಲಂಗರು ಹಾಕುವುದಕ್ಕೆ ಇಂಡಿಯಾದ ಒಳ್ಳೆಯ ತಾಣಗಳಲ್ಲಿ ಇದೊಂದೆಂದು ಹೊಗಳಿದ್ದಾನೆ. ಹುಕ್ಕೇರಿಯೂ ವೆಂಗುರ್ಲೆಯೂ ಆಗ ಒಬ್ಬನೇ ಅರಸನ ನೆಲ, ಘಟ್ಟದ ಮೇಲೊಂದು, ಕೆಳಗೊಂದು ಎಂಬುದನ್ನು ಇಲ್ಲಿ ಗಮನಿಸಬೇಕು. ಗೋಳಗುಮ್ಮಟವನ್ನು ಕಟ್ಟಿಸಿದ ಅರಸನೆಂದು ನಾವು ಬಲ್ಲ ಸುಲ್ತಾನನು ಬಂದರಗಳ ಒಡೆಯನೂ ಆಗಿದ್ದನೆಂಬುದು ನಮ್ಮ ಪಠ್ಯಗಳಲ್ಲಿ ಹಿಂದೆ ಸರಿದುಹೋಗಿದೆ.

೧೮೧೨ರಲ್ಲಿ ಸಾವಂತವಾಡಿಯ ರಾಣಿಯು ವೆಂಗುರ್ಲೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಳು. ೧೮೧೮ರಲ್ಲಿ ಬೆಳಗಾವಿಯ ಕೋಟೆಯು ಅವರ ವಶವಾಗಿ ಅಲ್ಲಿ ದಂಡಿನ ಠಾಣ್ಯವೆದ್ದಿತು. ದಂಡಿಗೆ ಬೇಕಾದ ಸಾಮಗ್ರಿಯೆಲ್ಲ ಮುಂಬಯಿಯಿಂದ ಹಡಗಿನಲ್ಲಿ ವೆಂಗುರ್ಲೆಗೆ ಬಂದು ರಾಮಘಾಟವನ್ನು ಏರತೊಡಗಿತು. ರಾಮಘಾಟದ ಏರು ಕಡಿದಾದುದು, ಬಂಡಿಗಳಿಗೆ ಕಷ್ಟ. ಆದಕಾರಣ ಆ ಶತಮಾನದ ಉತ್ತರಾರ್ಧದಲ್ಲಿ ಆಂಬೋಲಿಯ, ಅಂದರೆ ಪಾರಪೋಲಿಯ, ಘಟ್ಟದಲ್ಲಿ ಸುಗಮವಾದ ಬಂಡಿರಸ್ತೆಯನ್ನು ಕಡಿದರು. ೧೮೬೯-೭೦ರ ಸುಮಾರಿಗೆ ಬಂದರದಲ್ಲಿಯೂ ಕಡಲೊಳಗಿನ ಬಂಡೆಗಳ ಮೇಲೂ ದೀಪಸ್ತಂಭಗಳಾದುವು. ರಸ್ತೆ, ದೀಪ ಎರಡೂ ಸರಿಸುಮಾರು ಏಕಕಾಲಕ್ಕೆ ಬಂದುದು ಆಕಸ್ಮಿಕವಲ್ಲ.

ದಂಡಿನ ಹಾದಿಯಲ್ಲಿ ದಿನಸಿಯೂ ನಡೆಯಿತು. ಹತ್ತಿ, ಬೆಲ್ಲ, ತಂಬಾಕು, ಮೆಣಸಿನಕಾಯಿ, ನೇಕಾರರ ಬಟ್ಟೆ ಇಳಿದುವು. ಉಪ್ಪು, ತೆಂಗು, ಅಡಕೆ, ಒಣಮೀನು ಏರಿದುವು. ಬಂಡಿಯ ರಸ್ತೆಯಾಗುವುದಕ್ಕೆ ಮೊದಲು ಇವೆಲ್ಲವೂ ಎತ್ತಿನ ಹೇರಿನ ಮೇಲೆ ಸಾಗಬೇಕಾಗಿದ್ದಿತು; ಹೇರು ಹೊಡೆಯುವವರಲ್ಲಿ ಲಮಾಣಿಗಳು ಪ್ರಸಿದ್ಧರು. ಅವರ ಹೆಸರು ಲವಣವೆಂಬ ಮಾತಿನಿಂದ ಬಂದಿತೆಂದು ಹೇಳುವವರುಂಟು. ಗೋಕಾಕದ ಕರದಂಟನ್ನು ಬಾಯಿಗಿಡುವವರು ಒಂದು ಕ್ಷಣ ಯೋಚಿಸಬಹುದು: ಬೆಲ್ಲ ನಮ್ಮ ನೆಲದ್ದು, ಆದರೆ ಕೊಬ್ಬರಿ, ಗೋಡಂಬಿಗಳು ಕರಾವಳಿಯವು, ಉತ್ತತ್ತಿ ಕಡಲಾಚೆಯದು. ಇದನ್ನು ಪ್ರಮಾಣವೆಂದು ಒಡ್ಡುತ್ತಿಲ್ಲ. ನಾಲಗೆಗೂ ಇತಿಹಾಸವುಂಟೆಂದು ಸೂಚಿಸಿದೆ, ಅಷ್ಟೆ.

ಈ ವ್ಯಾಪಾರಕ್ಕೆ ಋತುವಿನ ಕಟ್ಟು ಬಲವಾಗಿದ್ದಿತು. ವೆಂಗುರ್ಲೆಯು ತೆರೆದ ಕಡಲಿನ ತಾಣ. ಮಿರಗ ಹಿಡಿಯಿತೆಂದರೆ ಅಲ್ಲಿ ಹಡಗು ನಿಲ್ಲುವಂತಿಲ್ಲ. ಆಂಬೋಲಿಯ ಮಳೆಯಲ್ಲಿ ಹೇರು ನಡೆಯುವುದೂ ಕಷ್ಟ. ಶ್ರಾವಣದ ಹುಣ್ಣಿಮೆಯಂದು ಕೊಂಕಣದವರು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿಗಳನ್ನು ನೀರಿಗಿಳಿಸುತ್ತಾರೆ. ಅವರಿಗದು ನಾರಳಿ ಪೌರ್ಣಿಮೆ. ಅದೇ ದಿನ ನಮಗೆ ನೂಲಹುಣ್ಣಿಮೆ. ಘಟ್ಟದ ಮೇಲಿನ ವ್ಯಾಪಾರಿಗೆ ಎರಡು ಹೆಸರುಗಳ ಅರ್ಥವೂ ತಿಳಿದಿದ್ದಿರಬೇಕು.

ಈ ಸಂಬಂಧವನ್ನು ಕಡಿದುದು ರೈಲು. ಇಂಗ್ಲಿಷರಿಗೂ ಪೋರ್ತುಗೀಜರಿಗೂ ೧೮೭೮ರಲ್ಲಿ ಆದ ಒಡಂಬಡಿಕೆಯಿಂದ ಮರ್ಮಗೋವೆಗೆ ರೈಲುಮಾರ್ಗದ ದಾರಿಯಾಯಿತು. ೧೮೮೦ರ ದಶಕ ಮುಗಿಯುವುದರೊಳಗೆ ಸದರ್ನ್ ಮರಾಠಾ ರೈಲ್ವೆಯು ಬೆಳಗಾವಿಯನ್ನು ಮುಟ್ಟಿ, ಲೋಂಡೆಯ ಮೂಲಕ ಮರ್ಮಗೋವೆಯೊಡನೆ ಕೂಡಿತು. ಜಲಪಾತದ ಶಕ್ತಿಯಿಂದ ನಡೆಯುವ ಗೋಕಾಕದ ನೂಲಿನ ಗಿರಣಿ ಎದ್ದುದೂ ಅದೇ ದಶಕದಲ್ಲಿ. ಹೊಸ ಉದ್ಯಮವು ಹೊಸ ಹಾದಿಯನ್ನೇ ಹಿಡಿಯಿತು. ವೆಂಗುರ್ಲೆಯ ವ್ಯಾಪಾರ ಇಳಿಮುಖವಾಯಿತೆಂದು ಸರಕಾರದ ಗ್ಯಾಜೆಟಿಯರುಗಳು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತವೆ. ಘಟ್ಟದ ಮೇಲಿನ ಬಂಡಿಯವರೂ ಹೇರಿನವರೂ ಏನಾದರೆಂಬ ಪ್ರಶ್ನೆಯನ್ನು ಆ ವಾಕ್ಯವು ಎತ್ತುವುದಿಲ್ಲ. ನಮ್ಮ ಸಂಶೋಧಕರೂ ಎತ್ತಿದ್ದು ಕಡಮೆ.

ಆಡಳಿತದ ಗೆರೆಗಳೂ ಮರೆವಿಗೆ ನೆರವಾದುವು. ಬೆಳಗಾವಿ, ರತ್ನಾಗಿರಿ ಎರಡೂ ಮುಂಬಯಿ ಪ್ರಾಂತದ ಜಿಲ್ಲೆಗಳಾಗಿದ್ದುವು. ೧೯೫೬ರಲ್ಲಿ ಬೆಳಗಾವಿಯು ಮೈಸೂರು ರಾಜ್ಯಕ್ಕೆ ಸೇರಿತು. ವೆಂಗುರ್ಲೆಯು ೧೯೬೦ರಲ್ಲಿ ಮಹಾರಾಷ್ಟ್ರಕ್ಕೆ ಸೇರಿ, ೧೯೮೧ರಿಂದ ಸಿಂಧುದುರ್ಗ ಜಿಲ್ಲೆಯಲ್ಲಿದೆ. ಬಂದರದ ಚರಿತ್ರೆ ಒಂದು ಸಂಪುಟದಲ್ಲಿ, ಪೇಟೆಯ ಚರಿತ್ರೆ ಇನ್ನೊಂದರಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದುವವರಿಲ್ಲ.

ಪುಸ್ತಕವನ್ನು ಬಿಟ್ಟು ಕಾಲಿನಿಂದ ತಿಳಿಯಬಯಸುವ ವಿದ್ಯಾರ್ಥಿಗೆ ಒಂದು ದಿನ ಸಾಕು. ಹುಕ್ಕೇರಿಯಿಂದ ನಸುಕಿನಲ್ಲಿ ಹೊರಟರೆ ವೆಂಗುರ್ಲೆಯನ್ನು ನೋಡಿಕೊಂಡು ರಾತ್ರಿಗೆ ಮರಳಬಹುದು. ಹೋಗುವಾಗ ಹಿರಣ್ಯಕೇಶಿಯು ಕ್ರಮೇಣ ಕಿರಿದಾಗುವುದನ್ನು ನೋಡಬೇಕು. ಸಂಕೇಶ್ವರದಲ್ಲಿ ಹೊಳೆಯಾಗಿದ್ದುದು ಆಂಬೋಲಿಯಲ್ಲಿ ಗವಿಯೊಳಗಿನ ಒರತೆ. ಘಟ್ಟದ ತಿರುವುಗಳಲ್ಲಿ ವಾಹನವನ್ನು ನಿಲ್ಲಿಸಿ ಇಳುಕಲಿನ ಪ್ರಮಾಣವನ್ನು ಗಮನಿಸಿದರೆ, ತುಂಬಿದ ಬಂಡಿಯು ಎತ್ತಿನ ಹೆಗಲ ಮೇಲೆ ಹೇಗೆ ಏರಿತೆಂಬುದು ಯಾವ ವರದಿಗಿಂತಲೂ ಚೆನ್ನಾಗಿ ಮನಸ್ಸಿಗೆ ಬರುತ್ತದೆ. ಬಂದರದಲ್ಲಿ ಈಗ ಇರುವುದು ಮೀನುಗಾರರ ದೋಣಿಗಳು, ಕಡಲಿಗೆ ಚಾಚಿದ ಧಕ್ಕೆ, ಗುಡ್ಡದ ಮೇಲೊಂದು ದೀಪ. ಊರೊಳಗೆ ಡಚ್ಚರ ವಖಾರಿಯ ಹಾಳುಗೋಡೆಗಳಿವೆ. ಜನರು ಅದನ್ನು ಇಂದಿಗೂ ಡಚ್ ವಖಾರವೆಂದೇ ಕರೆಯುತ್ತಾರೆ. ನಮ್ಮ ಪೇಟೆಗಳಲ್ಲಿ ಕಟ್ಟಿಗೆಯ ಅಡ್ಡೆಗೆ ವಖಾರಿಯೆನ್ನುವ ಮಾತೂ ಇದೇ.

ಕೆಲಸವಿರುವುದು ಮಾತ್ರ ಊರಿಗೆ ಮರಳಿದ ಮೇಲೆ. ಸಂಕೇಶ್ವರ, ಯಮಕನಮರಡಿ, ಗೋಕಾಕ, ಮೂಡಲಗಿಗಳ ಹಳೆಯ ಅಂಗಡಿಕಾರರ ಮನೆಗಳಲ್ಲಿ ೧೮೮೦ಕ್ಕೆ ಹಿಂದಿನ ಕಿರ್ದಿ, ಖತಾವಣಿಗಳು ಉಳಿದಿದ್ದರೆ, ಉಪ್ಪಿನ ಹೇರಿಗೆ ಕೊಟ್ಟ ಬಾಡಿಗೆಯೆಷ್ಟು, ಬೆಲ್ಲ ಯಾರ ಹೆಸರಿಗೆ ಬಂದರಕ್ಕೆ ಹೋಯಿತು ಎಂಬುದು ಅವುಗಳಲ್ಲಿರಬೇಕು. ಆ ಕಾಲದ ಲೆಕ್ಕಗಳಲ್ಲಿ ಬಹುಭಾಗ ಮೋಡಿ ಲಿಪಿಯಲ್ಲಿವೆ. ಆ ಲಿಪಿಯನ್ನು ಓದಬಲ್ಲವರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಮಾಡಿನ ಮೇಲಿನ ಕಟ್ಟುಗಳನ್ನು ಗೆದ್ದಲು ಕಾಯುವುದಿಲ್ಲ.